ಕಾಮಾಲೆ: ಕಣ್ಣಿಗೆ ಕಂಡಷ್ಟೇ ಹೆಸರು

ಬೀದರಿನಿಂದ ಔರಾದ ರಸ್ತೆ ಹಿಡಿದರೆ ಸಿಗುವ ಜನವಾಡದ ಸೀಮೆಯಲ್ಲಿ ಒಂದೇ ಬೇನೆಗೆ ಹಲವು ಹೆಸರುಂಟು. ಹೊಲದ ಕೆಲಸ ಬಿಟ್ಟು ಮೂಲೆ ಹಿಡಿದವನನ್ನು ಕೇಳಿದರೆ 'ಕಾಮಣಿ ಆಗ್ಯಾದ್ರಿ' ಅಂತಾನೆ. ಉದಗೀರದ ಕಡೆ ಬೀಗತನ ಇರುವವರ ಬಾಯಲ್ಲಿ ಅದು 'ಕಾವೀಳ'. ದಖ್ಖನಿ ಆಡುವ ಮನೆಯಲ್ಲಿ 'ಯರ್ಖಾನ್', 'ಪೀಲಿಯಾ'. ಜಹೀರಾಬಾದಿನಿಂದ ಬಂದ ಸೊಸೆಗೆ 'ಪಚ್ಚ ಕಾಮೆರ್ಲು'. ಶಾಲೆಯ ಪುಸ್ತಕ 'ಕಾಮಾಲೆ' ಅನ್ನುತ್ತದೆ, ದವಾಖಾನೆಯ ಚೀಟಿ 'ಜಾಂಡಿಸ್' ಅನ್ನುತ್ತದೆ.

ಕಾಮಣಿ, ಕಾವೀಳ, ಕಾಮೆರ್ಲು, ಕಾಮಾಲೆ ನಾಲ್ಕಕ್ಕೂ ಮೂಲ ಸಂಸ್ಕೃತದ 'ಕಾಮಲಾ'. ಮರಾಠಿಯಲ್ಲಿ ಪದದ ನಡುವಿನ ಮಕಾರ ವಕಾರವಾಗುವುದು ಹಳೆಯ ರೂಢಿ. ಗ್ರಾಮ 'ಗಾವ್' ಆಯಿತು, ನಾಮ 'ನಾವ್' ಆಯಿತು, ಹಾಗೆಯೇ ಕಾಮಲಾ 'ಕಾವೀಳ' ಆಯಿತು. ಕನ್ನಡ, ತೆಲುಗುಗಳು ಮಕಾರವನ್ನು ಉಳಿಸಿಕೊಂಡವು. ವಿಶೇಷವೆಂದರೆ ಈ ಮೂಲ ಪದದಲ್ಲಿ ಹಳದಿಯ ಸುಳಿವೇ ಇಲ್ಲ. 'ಕಾಮ' ಎಂದರೆ ಆಸೆ, ಆಸೆಯನ್ನು ಕುಂದಿಸುವುದು ಕಾಮಲಾ ಎಂದು ಪದ ಬಿಡಿಸುವ ವಾಡಿಕೆಯುಂಟು. ವ್ಯುತ್ಪತ್ತಿಯ ಮಾತು ಹಾಗಿರಲಿ, ಬೇನೆಯಲ್ಲಿ ಬಿದ್ದವರಿಗೆ ಈ ಅರ್ಥ ಗೊತ್ತು. ಕಣ್ಣು ಹಳದಿಯಾಗುವ ಮೊದಲೇ ಊಟ ಬೇಡವಾಗುತ್ತದೆ, ಒಗ್ಗರಣೆಯ ವಾಸನೆಗೇ ಹೊಟ್ಟೆ ತೊಳಸುತ್ತದೆ. ಬಣ್ಣ ಸೇರಿಸಿದವರು ದಕ್ಷಿಣದ ನಾವು. ಕನ್ನಡ 'ಅರಿಶಿನ' ಸೇರಿಸಿತು, ತೆಲುಗು 'ಪಚ್ಚ' ಸೇರಿಸಿತು, ತಮಿಳು 'ಮಂಜಳ್' ಸೇರಿಸಿತು.

ಚರಕಸಂಹಿತೆಯಲ್ಲಿ ಕಾಮಲೆಯ ವಿವರ ಬರುವುದು ಚಿಕಿತ್ಸಾಸ್ಥಾನದ 16ನೆಯ ಅಧ್ಯಾಯದಲ್ಲಿ, ಪಾಂಡುರೋಗದ ಜೊತೆಗೆ. ಕಣ್ಣು, ಚರ್ಮ, ಉಗುರು, ಮುಖ ಹಳದಿಯಾಗುತ್ತವೆ ಎಂದು ಹೇಳಿ ಅದು ಸುಮ್ಮನಾಗುವುದಿಲ್ಲ. ಒಂದು ಬಗೆಯ ಕಾಮಲೆಯಲ್ಲಿ ಮಲ ಅರೆದ ಎಳ್ಳಿನಂತೆ ಇರುತ್ತದೆ ಎನ್ನುತ್ತದೆ. ಪಿತ್ತ ಕರುಳಿಗೆ ಇಳಿಯುವ ದಾರಿ ಕಟ್ಟಿದಾಗ ಮಲದ ಬಣ್ಣ ಹೋಗುತ್ತದೆ. ಇವತ್ತಿನ ಡಾಕ್ಟರೂ ರೋಗಿಯನ್ನು ಮಲದ ಬಣ್ಣ ಹೇಗಿದೆ ಎಂದು ಕೇಳುತ್ತಾರೆ. ಕಾಲಾಂತರದಲ್ಲಿ ಬಲಿತು ವಾಸಿಯಾಗುವುದು ಕಷ್ಟವಾದ ರೋಗಕ್ಕೆ ಅದೇ ಅಧ್ಯಾಯ 'ಕುಂಭಕಾಮಲಾ' ಎಂಬ ಇನ್ನೊಂದು ಹೆಸರು ಇಟ್ಟಿದೆ. ಬಂದು ಹೋಗುವ ಬೇನೆಯ ಹೆಸರು ಊರೂರಿಗೆ ಇಳಿಯಿತು. ಒಳಗೇ ಉಳಿಯುವ ಬೇನೆಯ ಹೆಸರು ಗ್ರಂಥದಲ್ಲೇ ಉಳಿಯಿತು. ಈ ಪದದ ಚರಿತ್ರೆಯಲ್ಲಿ ನನ್ನನ್ನು ತುಂಬ ಕಾಡುವುದು ಈ ನಷ್ಟ.

ಬಣ್ಣದ ಮೇಲೆ ಕಣ್ಣು ನೆಟ್ಟವರು ನಾವಷ್ಟೇ ಅಲ್ಲ. ಅಥರ್ವವೇದದ ಮೊದಲ ಕಾಂಡದ 22ನೆಯ ಸೂಕ್ತ ಈ ರೋಗವನ್ನು 'ಹರಿಮಾ' ಎಂದು ಕರೆದು, ಹಳದಿಯನ್ನು ಗಿಳಿಗಳ ಮೇಲೆ, ಹಳದಿ ಹಕ್ಕಿಗಳ ಮೇಲೆ ದಾಟಿಸುತ್ತದೆ. ಗ್ರೀಕರು ರೋಗಕ್ಕೂ ಒಂದು ಹಳದಿ ಹಕ್ಕಿಗೂ 'ಇಕ್ಟೆರೋಸ್' ಎಂಬ ಒಂದೇ ಹೆಸರಿಟ್ಟರು. ಆ ಹಕ್ಕಿಯನ್ನು ನೋಡಿದರೆ ರೋಗಿ ಗುಣವಾಗುತ್ತಾನೆ, ಹಕ್ಕಿ ಸಾಯುತ್ತದೆ ಎಂಬ ನಂಬಿಕೆಯನ್ನು ರೋಮಿನ ಪ್ಲಿನಿ ಬರೆದಿಟ್ಟಿದ್ದಾನೆ. ಇಂಗ್ಲಿಷಿನ 'ಜಾಂಡಿಸ್' ಫ್ರೆಂಚರ ಹಳದಿಯಿಂದ ಬಂದದ್ದು.

ಕನ್ನಡದಲ್ಲಿ 'ಕಾಮಾಲೆ ಕಣ್ಣು' ಪೂರ್ವಗ್ರಹಕ್ಕೆ ಹೆಸರಾಯಿತು. ಕಾಮಾಲೆಯವನಿಗೆ ಕಂಡದ್ದೆಲ್ಲ ಹಳದಿ ಎಂಬುದು ಗಾದೆ. ನಿಜದಲ್ಲಿ ಆ ಹಳದಿ ಕಾಣುವುದು ಎದುರಿಗಿದ್ದವರಿಗೆ. ರೋಗಿಯ ಕಣ್ಣಿನ ಬಿಳಿಯಲ್ಲಿ ಅವರೇ ಅದನ್ನು ಮೊದಲು ಗುರುತಿಸುತ್ತಾರೆ. 'ಕಾಮಾಲೆ ಕಣ್ಣು' ಎಂಬ ಮಾತು ಹೊರಗೆ ನಿಂತು ನೋಡಿದವರದು.

ಬೀದರ ಬಹಮನಿಗಳ ರಾಜಧಾನಿಯಾಗಿ, 1472ರಲ್ಲಿ ಮಹಮೂದ್ ಗಾವಾನನ ಮದರಸಾ ಎದ್ದ ಕಾಲಕ್ಕೆ ಫಾರಸಿ, ಅರಬ್ಬಿಗಳು ಇಲ್ಲಿ ಬೇರುಬಿಟ್ಟಿದ್ದವು. 'ಯರ್ಖಾನ್' ಅರಬ್ಬಿಯ 'ಯರಕಾನ್'. ಅದರ ಜೊತೆಗೆ ಕೇಳಿಬರುವ 'ಜಿಗರ್' ಫಾರಸಿಯದು. ದಖ್ಖನಿಯ ಈ ಜಿಗರ್, ಆಯುರ್ವೇದದ 'ಯಕೃತ್', 'ಹೆಪಟೈಟಿಸ್' ಒಳಗಿರುವ ಗ್ರೀಕಿನ 'ಹೆಪರ್' ಮೂರೂ ಒಂದೇ ಪ್ರಾಚೀನ ಬೇರಿನ ಚಿಗುರುಗಳು. ಹೆಪಟೈಟಿಸ್ ಎಂದರೆ ಯಕೃತ್ತಿನ ಉರಿಯೂತ, ಅಷ್ಟೆ. ಬಣ್ಣವನ್ನು ಬಿಟ್ಟು ಅಂಗವನ್ನು ಹಿಡಿದ ಹೆಸರು.

ಆ ಅಂಗದೊಳಗೆ ಹಲವು ರೋಗಗಳಿವೆ ಎಂದು ತಿಳಿದ ಕತೆಯಲ್ಲಿ ನಮ್ಮ ಇನ್ನೊಂದು ಪದವೂ ಸಿಗುತ್ತದೆ, 'ಲಸಿಕೆ'. ಚರ್ಮದೊಳಗಿದ್ದು ಗಾಯದಲ್ಲಿ ಒಸರುವ ನೀರಿಗೆ ಚರಕ 'ಲಸೀಕಾ' ಎನ್ನುತ್ತಾನೆ. ಸಿಡುಬು ತಡೆಯಲು ಹಿಂದೆ ಹಾಕುತ್ತಿದ್ದದ್ದೂ ಇಂಥದೇ ದ್ರವ, ಒಬ್ಬರ ತೋಳಿನ ಬೊಕ್ಕೆಯಿಂದ ತೆಗೆದು ಇನ್ನೊಬ್ಬರ ತೋಳಿಗೆ. ಕನ್ನಡದ ಲಸಿಕೆ, ಮರಾಠಿಯ 'ಲಸ' ಆ ದ್ರವದ ನೆನಪು ಇಟ್ಟುಕೊಂಡಿವೆ. 1883ರಲ್ಲಿ ಜರ್ಮನಿಯ ಬ್ರೆಮೆನ್ ಬಂದರಿನಲ್ಲಿ ಹಡಗು ಕಟ್ಟುವ 1,289 ಕೆಲಸಗಾರರಿಗೆ ಮನುಷ್ಯರಿಂದ ತೆಗೆದ ಇಂಥ ದ್ರವ ಚುಚ್ಚಲಾಯಿತು. ಮುಂದಿನ ತಿಂಗಳುಗಳಲ್ಲಿ 191 ಮಂದಿಗೆ ಕಾಮಾಲೆ ಬಂತು. ನೀರು, ಅನ್ನದಿಂದ ಬಾರದೆ ರಕ್ತದ ದಾರಿಯಲ್ಲಿ ಬರುವ ಕಾಮಾಲೆಯೊಂದಿದೆ ಎಂಬುದಕ್ಕೆ ಸಿಕ್ಕ ಹಳೆಯ ದಾಖಲೆ ಇದು. 1947ರಲ್ಲಿ ಬ್ರಿಟನ್ನಿನ ವೈದ್ಯ ಮ್ಯಾಕ್‌ಕ್ಯಾಲಮ್ ನೀರು, ಅನ್ನದಿಂದ ಬರುವುದನ್ನು 'ಎ', ರಕ್ತದ ದಾರಿಯದನ್ನು 'ಬಿ' ಎಂದು ಕರೆದ. 1960ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ಬ್ಲಂಬರ್ಗ್ ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬನ ರಕ್ತದಲ್ಲಿ ಬಿ ವೈರಸ್ಸಿನ ಹೊರಪದರದ ಪ್ರೋಟೀನನ್ನು ಕಂಡ. 1976ರಲ್ಲಿ ನೊಬೆಲ್ ಪಡೆದ.

ಕಾಮಣಿ ಎಂಬ ಪದ ಕೈಕೊಡುವುದು ಈ 'ಬಿ' ಮುಂದೆ. ದೊಡ್ಡವರಿಗೆ ತಗಲಿದರೆ ಕಣ್ಣು ಹಳದಿಯಾಗಬಹುದು, ಬಹುತೇಕ ಮಂದಿಯ ಮೈ ತಾನೇ ವೈರಸ್ಸನ್ನು ಹೊರಹಾಕುತ್ತದೆ. ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಕೂಸಿಗೆ ತಗಲಿದರೆ ಸಾಮಾನ್ಯವಾಗಿ ಹಳದಿ ಕಾಣುವುದಿಲ್ಲ, ಕೂಸು ಚೆನ್ನಾಗಿಯೇ ಬೆಳೆಯುತ್ತದೆ. ಅಂಥ ಕೂಸುಗಳಲ್ಲಿ 100ಕ್ಕೆ ಸುಮಾರು 90ರಲ್ಲಿ ವೈರಸ್ಸು ಬದುಕಿನುದ್ದಕ್ಕೂ ಉಳಿದುಬಿಡುತ್ತದೆ. ದುಡಿಯುವ ವಯಸ್ಸಿನಲ್ಲಿ ಯಕೃತ್ತು ಗಟ್ಟಿಯಾಗುತ್ತದೆ, ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಕೆಲವರಿಗೆ ಕ್ಯಾನ್ಸರ್ ಆಗುತ್ತದೆ. ಹುಟ್ಟಿದ ಮೂರನೆಯ, ನಾಲ್ಕನೆಯ ದಿನ ಎಷ್ಟೋ ಕೂಸುಗಳಿಗೆ ಕಾಣುವ ಹಳದಿಯೇ ಬೇರೆ, ಅದಕ್ಕೂ ಬಿ ವೈರಸ್ಸಿಗೂ ಸಂಬಂಧ ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಮನೆಯಲ್ಲಿ ಎರಡಕ್ಕೂ ಒಂದೇ ಪದ. ಅದಕ್ಕೇ ಬಿ ಲಸಿಕೆ ಹಾಕುವಾಗ 'ಕೂಸಿಗೆ ಕಾಮಣಿ ಇಲ್ಲ, ಸೂಜಿ ಯಾಕ್ರಿ' ಎಂಬ ಪ್ರಶ್ನೆ ಹುಟ್ಟುತ್ತದೆ. ಕೇಳುವವರ ತಪ್ಪಲ್ಲ.

ನಾಟಿ ಔಷಧಿಯ ಮೇಲಿನ ನಂಬಿಕೆಯೂ ಇದೇ ಪದದ ನೆರಳಲ್ಲಿ ಬೆಳೆದದ್ದು. ಬರೆ ಹಾಕಿಸಿದ ಮೇಲೆ, ಮಂತ್ರಿಸಿದ ಮಾಲೆ ಹಾಕಿದ ಮೇಲೆ ಕಣ್ಣು ತಿಳಿಯಾದರೆ ಗುಣವಾಯಿತು ಎನ್ನುತ್ತಾರೆ. ಆದರೆ ನೀರು, ಅನ್ನದಿಂದ ಬರುವ ಎ ಮತ್ತು ಇ ಎಂಬ ಕಾಮಾಲೆಗಳು ಹೆಚ್ಚಿನವರಲ್ಲಿ ತಾವಾಗಿಯೇ ಇಳಿಯುತ್ತವೆ. ಕಾಮಾಲೆಗೆ ಕೊಡುವ ನೆಲನೆಲ್ಲಿ ಗಿಡವನ್ನು ಮಾತ್ರ ವಿಜ್ಞಾನಿಗಳು ಸುಮ್ಮನೆ ತಳ್ಳಿಹಾಕಲಿಲ್ಲ, ಪರೀಕ್ಷೆ ಮಾಡಿಯೇ ನೋಡಿದರು. 1988ರಲ್ಲಿ ಮದ್ರಾಸಿನ ತ್ಯಾಗರಾಜನ್ ತಂಡ ಬ್ಲಂಬರ್ಗನ ಜೊತೆ ಸೇರಿ, ಅದು ಬಿ ವೈರಸ್ಸನ್ನು ಹೊರಹಾಕುತ್ತದೆ ಎಂಬ ಆಶೆ ಹುಟ್ಟಿಸುವ ವರದಿಯನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿತು. ಆಮೇಲಿನ ಪರೀಕ್ಷೆಗಳಲ್ಲಿ ಆ ಫಲ ನಿಲ್ಲಲಿಲ್ಲ.

ನಿಂತದ್ದು ಲಸಿಕೆ, ಹೆಸರಷ್ಟೇ ಹಳೆಯದು. ಬ್ರೆಮೆನ್ನಿನ ದ್ರವ ಅದರಲ್ಲಿಲ್ಲ, ರಕ್ತವಿಲ್ಲ, ಜೀವಂತ ವೈರಸ್ಸಿಲ್ಲ. ವೈರಸ್ಸಿನ ಹೊರಪದರದ ಪ್ರೋಟೀನನ್ನು ಯೀಸ್ಟ್ ಕೋಶಗಳಲ್ಲಿ ಬೆಳೆಸಿ ತೆಗೆದದ್ದು. ದೇಶದಲ್ಲೇ ತಯಾರಾದ ಇಂಥ ಮೊದಲ ಲಸಿಕೆ 1997ರಲ್ಲಿ ಬೀದರಿಗೆ ಹತ್ತಿರದ ಹೈದರಾಬಾದಿನಿಂದ, ವರಪ್ರಸಾದ ರೆಡ್ಡಿಯವರ ಶಾಂತಾ ಬಯೋಟೆಕ್ನಿಕ್ಸ್‌ನಿಂದ ಬಂತು. 2011ರ ಹೊತ್ತಿಗೆ ದೇಶದ ಎಲ್ಲ ರಾಜ್ಯಗಳ ಸರಕಾರಿ ಲಸಿಕೆಯ ಪಟ್ಟಿಗೆ ಸೇರಿತು. ಮೊದಲ ಡೋಸ್ ಹುಟ್ಟಿದ 24 ಗಂಟೆಯೊಳಗೆ, ಅರ್ಧ ಮಿಲಿಲೀಟರ್, ತೊಡೆಗೆ. ಆಮೇಲೆ 6, 10, 14ನೆಯ ವಾರ ಪೆಂಟಾವೇಲೆಂಟ್ ಸೂಜಿಯೊಳಗೇ ಅದು ಸೇರಿರುತ್ತದೆ. ಚಿಕ್ಕಂದಿನಲ್ಲಿ ತಪ್ಪಿದ ದೊಡ್ಡವರಿಗೆ ಮೂರು ಡೋಸ್: ಮೊದಲನೆಯದು ಹಾಕಿಸಿದ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಮನೆಯಲ್ಲಿ ಒಬ್ಬರಿಗೆ ಬಿ ಇದೆ ಎಂದು ತಿಳಿದರೆ ಉಳಿದವರು ರಕ್ತ ಪರೀಕ್ಷೆ ಮಾಡಿಸಲೇಬೇಕು. ಒಂದೇ ತಾಟಿನಲ್ಲಿ ಉಂಡರೆ ಅದು ಅಂಟುವುದಿಲ್ಲ, ಒಂದೇ ಬ್ಲೇಡಿನಲ್ಲಿ ಕ್ಷೌರ ಮಾಡಿಕೊಂಡರೆ ಅಂಟಬಹುದು.

ಜನವಾಡದ ಸೊಸೆಯಂದಿರು ಚೊಚ್ಚಲ ಹೆರಿಗೆಗೆ ತವರಿಗೆ ಹೋಗುತ್ತಾರೆ, ಎಷ್ಟೋ ಸಲ ಗಡಿ ದಾಟಿ ಮಹಾರಾಷ್ಟ್ರದ ಉದಗೀರಕ್ಕೆ, ತೆಲಂಗಾಣದ ಜಹೀರಾಬಾದಿಗೆ. ಅಲ್ಲಿಯ ದವಾಖಾನೆಯಲ್ಲಿ ಕಾಮಣಿಯ ಸೂಜಿ, ಕಾವೀಳದ ಸೂಜಿ ಎಂದು ಕೇಳಿದರೆ ಮಾತು ಬೇರೆ ಕಡೆ ಹೋದೀತು. ಬಸುರಿಯ ರಕ್ತ ಪರೀಕ್ಷೆಯ ಚೀಟಿ ಜೊತೆಗಿರಲಿ, ತಾಯಿಗೆ ಬಿ ಇದ್ದರೆ ಕೂಸಿಗೆ ಲಸಿಕೆಯ ಜೊತೆ ಇಮ್ಯುನೊಗ್ಲೋಬುಲಿನ್ ಎಂಬ ಇನ್ನೊಂದು ಸೂಜಿಯೂ ಬೇಕಾಗುತ್ತದೆ. ಕೇಳಬೇಕಾದ ಹೆಸರು ಮೂರೂ ರಾಜ್ಯಗಳಲ್ಲಿ ಒಂದೇ: ಹೆಪಟೈಟಿಸ್ ಬಿ, ಹುಟ್ಟಿದ ದಿನದ ಡೋಸ್.