ಡಬ್ಬಕ್ಕೆ ಇಷ್ಟು ದುಡ್ಡಾ? ಕಂಪ್ಯೂಟರ್ ಕ್ಯಾಬಿನೆಟ್‌ ಇತಿಹಾಸ ಹೇಳೋ ಲೆಕ್ಕ

ಇವತ್ತಿನ ಕಂತು ಒಂದು ಡಬ್ಬದ ಬಗ್ಗೆ. ಮನೆಯಲ್ಲಿ ಎಲ್ಲರೂ "ಸಿಪಿಯು" ಅಂತ ಕರೆಯೋ, ಎಸ್‌.ಪಿ. ರೋಡ್ ಅಂಗಡಿಯವರು "ಕ್ಯಾಬಿನೆಟ್" ಅಂತ ಕರೆಯೋ ಡಬ್ಬ. ಲಕ್ಷ, ಒಂದೂವರೆ ಲಕ್ಷ ಹಾಕಿ ಸಿಸ್ಟಮ್ ಅಸೆಂಬಲ್ ಮಾಡಿಸೋರು ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎಲ್ಲ ಬೇಗ ಫೈನಲ್ ಮಾಡಿ, ಕೊನೆಗೆ ಇಲ್ಲಿ ಬಂದು ತಲೆ ಕೆರೆದುಕೊಳ್ತಾರೆ. ಒಂದು ಕ್ಯಾಬಿನೆಟ್ 4 ಸಾವಿರ, ಇನ್ನೊಂದು 20 ಸಾವಿರ ಅಂದುಕೊಳ್ಳಿ. ಎರಡರಲ್ಲೂ ಅದೇ ಮದರ್‌ಬೋರ್ಡ್ ಕೂರುತ್ತೆ. ಹಾಗಿದ್ರೆ ಮಿಕ್ಕ 16 ಸಾವಿರ ಯಾತಕ್ಕೆ?

ಕಂಪನಿಯವರನ್ನ ಕೇಳಿದ್ರೆ ಗಾಜು, ಲೈಟು, ಅಲ್ಯೂಮಿನಿಯಂ ಅಂತ ಪಟ್ಟಿ ಕೊಡ್ತಾರೆ. ನಾನು ಬಿ.ಕಾಂ. ಓದಿದವನು, ಪಟ್ಟಿ ನೋಡಿದ್ರೆ ಹಳೇ ಖಾತೆ ಪುಸ್ತಕವನ್ನೂ ನೋಡಬೇಕು ಅನ್ಸುತ್ತೆ. ಹಾಗಾಗಿ ಬನ್ನಿ, 1981ಕ್ಕೆ ಹೋಗೋಣ.

ಆ ವರ್ಷ ಆಗಸ್ಟ್ 12ರಂದು ಐಬಿಎಂ ತನ್ನ ಮೊದಲ ಪರ್ಸನಲ್ ಕಂಪ್ಯೂಟರನ್ನ ಜನರ ಮುಂದೆ ಇಟ್ಟಿತು. ಮಾಡೆಲ್ ನಂಬರ್ 5150. ಮೇಜಿನ ಮೇಲೆ ಅಡ್ಡ ಮಲಗಿಸಿದ ಉಕ್ಕಿನ ಪೆಟ್ಟಿಗೆ, ಅದರ ತಲೆ ಮೇಲೆ ಮಾನಿಟರ್. ಒಳಗಿದ್ದ 4.77 ಮೆಗಾಹರ್ಟ್ಸ್ ಪ್ರೊಸೆಸರ್‌ಗೆ ಫ್ಯಾನ್ ಬಿಡಿ, ಹೀಟ್ ಸಿಂಕ್ ಕೂಡ ಇರಲಿಲ್ಲ. ಇಡೀ ಯಂತ್ರಕ್ಕೆ ಕರೆಂಟ್ ಕೊಡ್ತಿದ್ದ ಎಸ್‌ಎಂಪಿಎಸ್ 63.5 ವ್ಯಾಟ್‌ನದು. ಹೋಲಿಕೆಗೆ ಹೇಳ್ತೀನಿ: 2022ರಲ್ಲಿ ಬಂದ ಆರ್‌ಟಿಎಕ್ಸ್ 4090 ಗ್ರಾಫಿಕ್ಸ್ ಕಾರ್ಡ್ ಒಂದಕ್ಕೇ 450 ವ್ಯಾಟ್ ಬೇಕು. ಅಂದ್ರೆ ಏಳು ಐಬಿಎಂ ಪಿಸಿಗಳ ಎಸ್‌ಎಂಪಿಎಸ್ ಸೇರಿಸಿದಷ್ಟು. ಈ ಕರೆಂಟು ಎಲ್ಲಿಗೂ ಮಾಯ ಆಗಲ್ಲ. ಹೆಚ್ಚುಕಮ್ಮಿ ಪೂರ್ತಿ ಬಿಸಿಯಾಗಿ ಬದಲಾಗಿ, ಆ ಡಬ್ಬದಿಂದಲೇ ಹೊರಗೆ ಬರಬೇಕು. ಕ್ಯಾಬಿನೆಟ್ ಇತಿಹಾಸ ಅಂದ್ರೆ ಮುಖ್ಯವಾಗಿ ಈ ಬಿಸಿ ಹೊರಗೆ ಹೋಗೋ ದಾರಿಯ ಇತಿಹಾಸ.

ಐಬಿಎಂ ಇನ್ನೊಂದು ಕೆಲಸ ಮಾಡಿತ್ತು. ಬಿಡಿಭಾಗಗಳನ್ನ ಮಾರುಕಟ್ಟೆಯಿಂದ ಕೊಂಡು, ಒಳಗಿನ ವಿನ್ಯಾಸದ ವಿವರಗಳನ್ನ ಕೈಪಿಡಿಯಲ್ಲೇ ಪ್ರಕಟಿಸಿತ್ತು. ಬೇರೆ ಕಂಪನಿಗಳು ನಕಲು ಮಾಡೋಕೆ ಶುರು ಮಾಡಿದ್ವು. 1984ರಲ್ಲಿ ಬಂದ ಐಬಿಎಂ ಪಿಸಿ ಎಟಿ ಅನ್ನೋ ಮಾಡೆಲ್‌ನ ಮದರ್‌ಬೋರ್ಡ್ ಅಳತೆ, ಸ್ಕ್ರೂ ಹಾಕೋ ತೂತುಗಳ ಜಾಗ ಎಲ್ಲವನ್ನೂ ಉಳಿದವರು ಹಾಗೇ ಅನುಸರಿಸಿದ್ರು. ಹೀಗೆ ಒಬ್ಬರ ಬೋರ್ಡು ಇನ್ನೊಬ್ಬರ ಡಬ್ಬದಲ್ಲಿ ಕೂರೋ ಕಾಲ ಬಂತು. ಕ್ಯಾಬಿನೆಟ್ ಅನ್ನೋದು ಬಿಡಿಯಾಗಿ ಮಾರೋ ಸರಕಾಯ್ತು. 1987ರಲ್ಲಿ ಐಬಿಎಂನ ಪಿಎಸ್/2 ಸರಣಿಯ 60 ಮತ್ತು 80 ಮಾಡೆಲ್‌ಗಳು ಮೇಜು ಬಿಟ್ಟು ನೆಲದ ಮೇಲೆ ನೆಟ್ಟಗೆ ನಿಂತವು. ಮೇಜಿನ ಮೇಲೆ ಜಾಗ ಉಳೀತು, ಆದ್ರೆ ನೆಲದ ಧೂಳು ಯಂತ್ರದ ಮೂಗಿಗೆ ಹತ್ತಿರ ಆಯ್ತು.

ದೊಡ್ಡ ತಿರುವು ಬಂದಿದ್ದು 1995ರಲ್ಲಿ. ಇಂಟೆಲ್ ಕಂಪನಿ ಎಟಿಎಕ್ಸ್ ಅನ್ನೋ ಮಾನದಂಡ ಪ್ರಕಟಿಸಿತು. ಬೋರ್ಡು 305 ಮಿಲಿಮೀಟರ್‌ಗೆ 244 ಮಿಲಿಮೀಟರ್. ಕೀಬೋರ್ಡ್, ಮೌಸ್, ಪ್ರಿಂಟರ್ ಸಿಕ್ಕಿಸೋ ಕಿಂಡಿಗಳೆಲ್ಲ ಹಿಂಭಾಗದ ಒಂದೇ ಆಯತದಲ್ಲಿ. ಎಸ್‌ಎಂಪಿಎಸ್ ಫ್ಯಾನ್ ಹೊರಗಿನ ಗಾಳಿಯನ್ನ ಒಳಗೆ ಎಳೆದು ಪ್ರೊಸೆಸರ್ ಮೇಲೆ ಬೀಸಬೇಕು ಅನ್ನೋದು ಇಂಟೆಲ್‌ನ ಮೊದಲ ಯೋಚನೆ. ಆದ್ರೆ ಆ ಗಾಳಿ ಎಸ್‌ಎಂಪಿಎಸ್‌ನ ಬಿಸಿಯನ್ನೂ ಹೊತ್ತುಕೊಂಡು ಬರ್ತಿತ್ತು. ಮುಂದೆ ಆ ಅಂಶ ಬದಲಾಯ್ತು, ಫ್ಯಾನ್ ಗಾಳಿಯನ್ನ ಹೊರಗೆ ತಳ್ಳೋಕೆ ಶುರು ಮಾಡ್ತು. ಬೋರ್ಡಿನ ಅಳತೆ ಮತ್ತು ತೂತುಗಳು ಮಾತ್ರ ಇವತ್ತಿಗೂ ಅವೇ.

ಇದು ಎಷ್ಟು ದೊಡ್ಡ ವಿಷಯ ಅಂತ ಯೋಚನೆ ಮಾಡಿ. 1995ರ ಪ್ರೊಸೆಸರ್ ಇವತ್ತು ಗುಜರಿಗೆ. ಹಾರ್ಡ್ ಡಿಸ್ಕ್ ಗುಜರಿಗೆ. ಆದ್ರೆ ಅವತ್ತು ತೂತು ಕೊರೆದ ತಗಡಿಗೆ ಈಗಿನ ಎಟಿಎಕ್ಸ್ ಬೋರ್ಡಿನ ಸ್ಕ್ರೂ ಸರಿಯಾಗಿ ಕೂರುತ್ತೆ. ನಮಗೆ ಇನ್‌ಕಮ್ ಟ್ಯಾಕ್ಸ್ ಪಾಠದಲ್ಲಿ ಕಂಪ್ಯೂಟರ್‌ಗೆ ವರ್ಷಕ್ಕೆ ಶೇ. 40, ಪೀಠೋಪಕರಣಕ್ಕೆ ಶೇ. 10 ಸವಕಳಿ ಅಂತ ಹೇಳಿಕೊಟ್ಟಿದ್ರು. ನನ್ನ ಪ್ರಕಾರ ಕ್ಯಾಬಿನೆಟ್ ಸೇರಬೇಕಾದ್ದು ಎರಡನೇ ಕಾಲಂಗೆ. ಅದು ಕಂಪ್ಯೂಟರಿನೊಳಗೆ ಬಚ್ಚಿಟ್ಟುಕೊಂಡಿರೋ ಪೀಠೋಪಕರಣ.

ಎಟಿಎಕ್ಸ್‌ನ ಸಿಂಹಾಸನಕ್ಕೆ ಒಮ್ಮೆ ಕುತ್ತು ಬಂದಿತ್ತು. ಅದನ್ನ ತಂದಿದ್ದೂ ಇಂಟೆಲ್ಲೇ. 2004ರಲ್ಲಿ ಬಂದ ಪ್ರೆಸ್ಕಾಟ್ ಪೆಂಟಿಯಮ್ 4 ಪ್ರೊಸೆಸರ್‌ಗಳಲ್ಲಿ ಕೆಲವು 115 ವ್ಯಾಟ್‌ವರೆಗೂ ಹೋದವು. ಅದೇ ಹೊತ್ತಿಗೆ ಇಂಟೆಲ್ ಬಿಟಿಎಕ್ಸ್ ಅನ್ನೋ ಹೊಸ ವಿನ್ಯಾಸ ಮುಂದಿಟ್ಟಿತು. ಪ್ರೊಸೆಸರನ್ನ ಮುಂದಕ್ಕೆ ತಂದು, ತಣ್ಣನೆ ಗಾಳಿ ಮೊದಲು ಅದಕ್ಕೇ ಸಿಗೋ ಹಾಗೆ ಮಾಡಿತ್ತು. ಡೆಲ್‌ನಂಥ ಕಂಪನಿಗಳು ಬಳಸಿದ್ವು. ಯೋಚನೆ ಚೆನ್ನಾಗಿತ್ತು, ಆದ್ರೆ ಎಲ್ಲರ ಹಳೇ ಕ್ಯಾಬಿನೆಟ್ಟೂ ವ್ಯರ್ಥ ಆಗ್ತಿತ್ತು. 2006ರಲ್ಲಿ ಕಡಿಮೆ ಬಿಸಿಯಾಗೋ ಕೋರ್ 2 ಪ್ರೊಸೆಸರ್‌ಗಳು ಬಂದವು. ಅದೇ ವರ್ಷ ಇಂಟೆಲ್ ಬಿಟಿಎಕ್ಸ್ ಕೈಬಿಟ್ಟಿತು. ಆ ವಿನ್ಯಾಸ ನಂಬಿ ಕ್ಯಾಬಿನೆಟ್ ಕೊಂಡವರ ಕೈಲಿ ಉಳಿದದ್ದು ಹೊಸ ಬೋರ್ಡು ಸಿಗದ ಡಬ್ಬ.

ಇನ್ನು ಅಂದದ ಕಥೆ. ಇದರಲ್ಲಿ ಪಾಠ ಕಲಿಸಿದ್ದು ಆಪಲ್. 2000ದ ಜುಲೈನಲ್ಲಿ ಪವರ್ ಮ್ಯಾಕ್ ಜಿ4 ಕ್ಯೂಬ್ ಬಂತು. ಪಾರದರ್ಶಕ ಪ್ಲಾಸ್ಟಿಕ್ಕಿನೊಳಗೆ ತೇಲ್ತಿರೋ ಹಾಗೆ ಕಾಣೋ 8 ಇಂಚಿನ ಘನ. ಫ್ಯಾನೇ ಇಲ್ಲ, ಬಿಸಿ ಗಾಳಿ ತಾನಾಗೇ ಮೇಲೇರಿ ಹೋಗಬೇಕು. ಬೆಲೆ 1,799 ಡಾಲರ್‌ನಿಂದ ಶುರು. ನೋಡಿದವರೆಲ್ಲ ಹೊಗಳಿದ್ರು, ಕೊಂಡವರು ಕಮ್ಮಿ. ಒಂದು ವರ್ಷ ತುಂಬೋ ಮೊದಲೇ, 2001ರ ಜುಲೈನಲ್ಲಿ ಉತ್ಪಾದನೆ ನಿಂತಿತು. ಈಗ ಅದು ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಸಂಗ್ರಹದಲ್ಲಿದೆ.

2013ರಲ್ಲಿ ಮತ್ತೆ ಅದೇ ಆಸೆ. ಕಪ್ಪಗೆ ಹೊಳೆಯೋ ಸಿಲಿಂಡರ್ ಆಕಾರದ ಮ್ಯಾಕ್ ಪ್ರೊ. ಮಧ್ಯೆ ತ್ರಿಕೋನದ ಒಂದೇ ಹೀಟ್ ಸಿಂಕ್, ಅದಕ್ಕೆ ಒಂದೇ ಫ್ಯಾನ್, ಸುತ್ತ ಪ್ರೊಸೆಸರ್ ಮತ್ತು ಎರಡು ಗ್ರಾಫಿಕ್ಸ್ ಚಿಪ್. ಎರಡು ಮಧ್ಯಮ ಗಾತ್ರದ ಚಿಪ್‌ಗಳೇ ಮುಂದಿನ ದಾರಿ ಅನ್ನೋ ಲೆಕ್ಕ. ಆದ್ರೆ ಜಗತ್ತು ಒಂದೇ ದೊಡ್ಡ, ಜಾಸ್ತಿ ಬಿಸಿಯಾಗೋ ಚಿಪ್ ಕಡೆಗೆ ಹೋಯ್ತು. ಆ ಸಿಲಿಂಡರ್‌ನಲ್ಲಿ ಅದಕ್ಕೆ ಜಾಗ ಇರಲಿಲ್ಲ. 2017ರ ಏಪ್ರಿಲ್‌ನಲ್ಲಿ ಆಪಲ್‌ನ ಹಿರಿಯ ಅಧಿಕಾರಿಗಳು ಪತ್ರಕರ್ತರನ್ನ ಕರೆದು, ಬಿಸಿಯ ವಿಷಯದಲ್ಲಿ ನಮ್ಮ ವಿನ್ಯಾಸವೇ ನಮ್ಮನ್ನ ಮೂಲೆಗೆ ತಳ್ಳಿತು ಅನ್ನೋ ಅರ್ಥದಲ್ಲಿ ಒಪ್ಪಿಕೊಂಡ್ರು. 2019ರ ಮ್ಯಾಕ್ ಪ್ರೊ ನೋಡಿ: ಮುಂದೆಲ್ಲ ರಂಧ್ರಗಳು, ಅದರ ಹಿಂದೆ ಮೂರು ದೊಡ್ಡ ಫ್ಯಾನ್. ಕೊನೆಗೂ ಗಾಳಿ ಆಡೋ ದೊಡ್ಡ ಡಬ್ಬಕ್ಕೇ ವಾಪಸ್.

ಎಟಿಎಕ್ಸ್ ಲೋಕ ಈ ಪಾಠ ಕಲೀತಾ? ಅರ್ಧ. ಅಮೆರಿಕದ ಕ್ವೇಕ್‌ಕಾನ್, ಸ್ವೀಡನ್ನಿನ ಡ್ರೀಮ್‌ಹ್ಯಾಕ್‌ನಂಥ ಗೇಮಿಂಗ್ ಜಾತ್ರೆಗಳಿಗೆ ಜನ ಸ್ವಂತ ಕಂಪ್ಯೂಟರ್ ಹೊತ್ತುಕೊಂಡು ಹೋಗ್ತಿದ್ರು. ನಾಲ್ಕು ಜನರ ಎದುರು ಇಡೋ ವಸ್ತು ಅಂದ ಮೇಲೆ ಅಲಂಕಾರ ಬೇಡವಾ? ಪಕ್ಕದ ತಗಡು ಕೊಯ್ದು ಅಕ್ರಿಲಿಕ್ ಕಿಟಕಿ ಕೂರಿಸಿದ್ರು, ಒಳಗೆ ಬಣ್ಣದ ದೀಪ ಹಾಕಿದ್ರು. ತೈವಾನಿನ ಲಿಯಾನ್ ಲಿ ಕಂಪನಿ ಅಲ್ಯೂಮಿನಿಯಂ ಕ್ಯಾಬಿನೆಟ್‌ಗಳಿಗೆ ಹೆಸರಾಯ್ತು. ಅಲ್ಯೂಮಿನಿಯಂ ಇದ್ರೆ ತಂಪು ಅನ್ನೋ ನಂಬಿಕೆ ಈಗಲೂ ಇದೆ. ಫ್ಯಾನ್ ಇರೋ ಮಾಮೂಲಿ ಕ್ಯಾಬಿನೆಟ್‌ನಲ್ಲಿ ಬಿಸಿ ಹೊರಗೆ ಹೋಗೋದು ಗಾಳಿ ಜೊತೆ, ಗೋಡೆ ಮೂಲಕ ಹೋಗೋದು ತೀರಾ ಕಮ್ಮಿ. ಹಗುರ ಮತ್ತು ಅಂದಕ್ಕೆ ಅಲ್ಯೂಮಿನಿಯಂ ತಗೊಳ್ಳಿ, ತಂಪಿಗೆ ಅಂತ ತಗೋಬೇಡಿ.

2005ರ ಆಂಟೆಕ್ ಪಿ180 ಬೇರೆ ದಾರಿ ಹಿಡೀತು. ಸದ್ದಿಲ್ಲದ ಕಂಪ್ಯೂಟರ್‌ಗಳ ಬಗ್ಗೆ ಬರೀತಿದ್ದ ಮೈಕ್ ಚಿನ್ ಅದರ ವಿನ್ಯಾಸಕ್ಕೆ ಕೈ ಜೋಡಿಸಿದ್ರು. ಎಸ್‌ಎಂಪಿಎಸ್ ಕೆಳಗಿನ ಪ್ರತ್ಯೇಕ ಕೋಣೆಗೆ ಹೋಯ್ತು, ಅದರ ಬಿಸಿ ಪ್ರೊಸೆಸರ್ ಬಿಸಿ ಜೊತೆ ಬೆರೆಯೋದು ತಪ್ಪಿತು. ಹೈ-ಎಂಡ್ ಅಂದ್ರೆ ಹೊಳಪಲ್ಲ, ಗಾಳಿ ಮತ್ತು ಸದ್ದಿನ ಲೆಕ್ಕಾಚಾರ ಅಂತ ಹೇಳಿದ ಕ್ಯಾಬಿನೆಟ್ ಅದು.

ಹತ್ತೇ ವರ್ಷದಲ್ಲಿ ಗಾಜು ಬಂತು. 2014ರ ಎನ್‌ಝಡ್‌ಎಕ್ಸ್‌ಟಿ ಎಚ್440 ಸಿಡಿ ಡ್ರೈವ್ ಜಾಗವನ್ನೇ ಕಿತ್ತು ಹಾಕಿ ಮುಂಭಾಗವನ್ನ ನುಣ್ಣಗೆ ಮಾಡಿತು. ಆಮೇಲೆ 2016ರ ಆಸುಪಾಸಿನಲ್ಲಿ ಪಕ್ಕಕ್ಕೂ ಗಾಜು, ಎಷ್ಟೋ ಮಾಡೆಲ್‌ಗಳಲ್ಲಿ ಮುಂದಕ್ಕೂ ಗಾಜು. ಮೂರು ಲೈಟಿನ ಫ್ಯಾನ್, ಅವುಗಳ ಮುಂದೆ ಮುಚ್ಚಿದ ಗಾಜು! ವಿಮರ್ಶಕರು ಮುಂಭಾಗದ ಪ್ಯಾನೆಲ್ ಕಳಚಿ ಮತ್ತೆ ಪರೀಕ್ಷೆ ಮಾಡಿದಾಗ ಒಳಗಿನ ಬಿಸಿ ಇಳೀತಿತ್ತು. ಮೇಲೆ ಥಳಕು, ಒಳಗೆ ಹುಳುಕು ಅಂತೀವಲ್ಲ, ಅದೇ. ಆಮೇಲೆ ನಿಧಾನವಾಗಿ ಜಾಲರಿ ಮುಂಭಾಗ ವಾಪಸ್ ಬಂತು. ಸ್ವೀಡನ್ನಿನ ಫ್ರಾಕ್ಟಲ್ ಡಿಸೈನ್ 2022ರಲ್ಲಿ ನಾರ್ತ್ ಅನ್ನೋ ಮಾಡೆಲ್‌ಗೆ ಮುಂದೆ ಮರದ ಪಟ್ಟಿ ಹಾಕಿತು. ಪಟ್ಟಿಗಳ ನಡುವೆ ಗಾಳಿಗೆ ಸಂದು ಬಿಟ್ಟೇ ಹಾಕಿತು. ಅಂದ ಮತ್ತು ಗಾಳಿ ಜೊತೆಗೇ ಬರಬಹುದು ಅನ್ನೋದಕ್ಕೆ ಅದು ಸಾಕ್ಷಿ.

ದುಬಾರಿ ಅಂದ್ರೆ ಸುರಕ್ಷಿತ ಅಂತಲೂ ಅಲ್ಲ. 2020ರಲ್ಲಿ ಬಂದ ಎನ್‌ಝಡ್‌ಎಕ್ಸ್‌ಟಿ ಎಚ್1, 349 ಡಾಲರ್‌ನ ಚಿಕ್ಕ ಚೊಕ್ಕ ಕ್ಯಾಬಿನೆಟ್. ಅದರಲ್ಲಿ ಗ್ರಾಫಿಕ್ಸ್ ಕಾರ್ಡ್ ಜೋಡಿಸೋ ಪಟ್ಟಿಯ ಲೋಹದ ಸ್ಕ್ರೂ ಕರೆಂಟ್ ಹರಿಯೋ ಪದರಕ್ಕೆ ತಾಗಿ ಬೆಂಕಿ ಹೊತ್ತೋ ಅಪಾಯ ಇತ್ತು. ಕಂಪನಿ ಮೊದಲು ನೈಲಾನ್ ಸ್ಕ್ರೂ ಕಳಿಸ್ತೀವಿ ಅಂತು. ಅದು ಸಾಲದು ಅಂತ ಗೊತ್ತಾಗಿ, 2021ರ ಫೆಬ್ರವರಿಯಲ್ಲಿ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗದ ಮೂಲಕ ವಾಪಸ್ ಪಡೆಯೋ ಪ್ರಕಟಣೆ ಬಂತು.

ಈಗ ನಮ್ಮ ಊರಿಗೆ ಬರೋಣ. ಕ್ಯಾಬಿನೆಟ್ ಎಷ್ಟೇ ಒಳ್ಳೇದಿದ್ರೂ ಕೋಣೆಗಿಂತ ತಣ್ಣನೆ ಗಾಳಿ ಕೊಡಲ್ಲ. ವಿದೇಶದ ವಿಮರ್ಶೆಯಲ್ಲಿ 21 ಡಿಗ್ರಿ ಕೋಣೆಯಲ್ಲಿ ಕಾರ್ಡು 70 ಡಿಗ್ರಿ ಬಂತು ಅಂದ್ರೆ, ಅದು ಕೋಣೆಗಿಂತ 49 ಡಿಗ್ರಿ ಮೇಲೆ. ಬೇಸಿಗೆಯಲ್ಲಿ ಕಲಬುರಗಿ, ರಾಯಚೂರು ಕಡೆ ಮನೆಯೊಳಗೇ 38 ಡಿಗ್ರಿ ಇದ್ರೆ ಅದೇ ಕಾರ್ಡು ಹೆಚ್ಚುಕಮ್ಮಿ 87ಕ್ಕೆ ಹೋಗುತ್ತೆ. ಅಲ್ಲಿ ಫ್ಯಾನ್ ಕಿರುಚುತ್ತೆ, ಕಾರ್ಡು ತನ್ನನ್ನ ಉಳಿಸಿಕೊಳ್ಳೋಕೆ ವೇಗ ಇಳಿಸುತ್ತೆ. ತಂಪು ದೇಶದವರಿಗೆ ಗಾಜಿನ ಮುಂಭಾಗ ಶೋಕಿ ಆಗಬಹುದು, ನಮಗೆ ಅದು ದಂಡ.

ಕೊನೆಗೆ ಲೆಕ್ಕ. 20 ಸಾವಿರದ ಕ್ಯಾಬಿನೆಟ್ 10 ವರ್ಷ ಬಂದ್ರೆ ವರ್ಷಕ್ಕೆ 2,000. 4 ಸಾವಿರದ್ದು, ಹೊಸ ಉದ್ದನೆ ಕಾರ್ಡು ಹಿಡಿಸದೆ 4 ವರ್ಷಕ್ಕೆ ಬದಲಾದ್ರೆ ವರ್ಷಕ್ಕೆ 1,000. ನೋಡಿ, ಆಗಲೂ ಅಗ್ಗದ್ದೇ ಅಗ್ಗ! ಹಾಗಾಗಿ "ಬಾಳಿಕೆ ಬರುತ್ತೆ, ದುಡ್ಡು ಉಳಿಯುತ್ತೆ" ಅನ್ನೋ ಮಾತು ನಂಬಬೇಡಿ. ದುಬಾರಿ ಕ್ಯಾಬಿನೆಟ್‌ಗೆ ನೀವು ತಿಂಗಳಿಗೆ 83 ರೂಪಾಯಿ ಜಾಸ್ತಿ ಕೊಡ್ತೀರಿ. ಆ 83 ರೂಪಾಯಿಗೆ ಏನು ಸಿಗ್ತಿದೆ ಅನ್ನೋದೇ ಪ್ರಶ್ನೆ.

ಜಾಲರಿಯ ಮುಂಭಾಗ, ಕೈಯಲ್ಲೇ ಎಳೆದು ತೊಳೆಯಬಹುದಾದ ಧೂಳಿನ ಫಿಲ್ಟರ್, ನಿಧಾನಕ್ಕೆ ತಿರುಗಿದ್ರೂ ಸಾಕಷ್ಟು ಗಾಳಿ ತಳ್ಳೋ 140 ಮಿಲಿಮೀಟರ್ ಫ್ಯಾನ್, ಮುಂದೆ ಕೊಳ್ಳೋ ಕಾರ್ಡಿಗೂ ಉಳಿಯೋ ಜಾಗ, ಮುಖ್ಯವಾಗಿ ಮಾಮೂಲಿ ಎಟಿಎಕ್ಸ್ ಅಳತೆ. ಇವು ಸಿಗ್ತಿದ್ರೆ ಕೊಡಿ. ನಾನು ಮೈಕ್ ಮುಂದೆ ಕೂತು ದುಡಿಯೋನು, ಸದ್ದಿಲ್ಲದ ಫ್ಯಾನ್‌ಗೆ ನನ್ನ ಮಟ್ಟಿಗೆ 83 ರೂಪಾಯಿ ಜಾಸ್ತಿ ಅಲ್ಲ. ಇವೆಲ್ಲ 8 ಸಾವಿರದ ಕ್ಯಾಬಿನೆಟ್‌ನಲ್ಲೇ ಸಿಕ್ಕಿದ್ರೆ ಅದನ್ನೇ ತಗೊಳ್ಳಿ. ಸಿಗ್ತಿರೋದು ಬರೀ ಗಾಜು, ಲೈಟು, ಆ ಕಂಪನಿ ಬಿಟ್ಟು ಬೇರೆಲ್ಲೂ ಸಿಗದ ಬಿಡಿಭಾಗ ಆಗಿದ್ರೆ, ಕ್ಯೂಬ್ ಮತ್ತು ಬಿಟಿಎಕ್ಸ್ ನೆನಪಿಸಿಕೊಂಡು ಅಂಗಡಿಯಿಂದ ಹೊರಗೆ ಬನ್ನಿ.

ಗಾಳಿಗೆ ದುಡ್ಡು ತೂರಬೇಡ ಅಂತ ಹಿರಿಯರು ಹೇಳ್ತಾರೆ. ಕ್ಯಾಬಿನೆಟ್ ಒಂದರಲ್ಲಿ ಮಾತ್ರ ದುಡ್ಡು ಕೊಡಬೇಕಾದ್ದು ಗಾಳಿಗೇ. ಮುಂದಿನ ಕಂತಿನಲ್ಲಿ ಸಿಗೋಣ.