ಕನ್ನಡಕದ ನಂಬರೂ ಕಣ್ಣಿನ ಹಿಂಗೋಡೆಯೂ: ತೀವ್ರ ಸಮೀಪದೃಷ್ಟಿಗೆ ಲೇಸರ್ ಚಿಕಿತ್ಸೆ ಬೆಳೆದು ಬಂದ ಬಗೆ

ಮೈನಸ್ ಹತ್ತು, ಹನ್ನೆರಡು ಪವರಿನ ಸೋಡಾಬುಡ್ಡಿ ಕನ್ನಡಕದವರು ಕಣ್ಣಾಸ್ಪತ್ರೆಗೆ ಹೋಗಿ ‘ಲೇಸರ್ ಮಾಡಿಸಬಹುದೇ?’ ಎಂದು ಕೇಳಿದರೆ ಕೆಲವೊಮ್ಮೆ ಒಂದೇ ದಿನ ಎರಡು ಉತ್ತರ ಸಿಗುತ್ತವೆ. ಒಬ್ಬ ವೈದ್ಯರು ‘ನಿಮಗೆ ಲೇಸರ್ ಆಗುವುದಿಲ್ಲ’ ಎನ್ನುತ್ತಾರೆ. ಪಕ್ಕದ ಕೋಣೆಯ ವೈದ್ಯರು ‘ನಿಮಗೆ ಲೇಸರ್ ಮಾಡಲೇಬೇಕು’ ಎನ್ನುತ್ತಾರೆ. ಇಬ್ಬರ ಮಾತೂ ಸರಿಯೇ. ಮೊದಲನೆಯವರು ಹೇಳುತ್ತಿರುವುದು ಕಣ್ಣಿನ ಮುಂಭಾಗದ ಕಾರ್ನಿಯಾವನ್ನು ಕೆತ್ತಿ ಕನ್ನಡಕ ತಪ್ಪಿಸುವ ಲೇಸರ್ ಬಗ್ಗೆ. ಎರಡನೆಯವರ ಮನಸ್ಸಿನಲ್ಲಿರುವುದು ಹಿಂಭಾಗದ ರೆಟಿನಾದಲ್ಲಿ ಹರಿದ ಜಾಗವನ್ನು ಬೆಸೆಯುವ ಲೇಸರ್. ಎರಡರ ವಂಶವೂ ಬೇರೆ, ಗುರಿಯೂ ಬೇರೆ. ಈ ಎರಡು ಧಾರೆಗಳನ್ನು ಒಟ್ಟಿಗೆ ಇಟ್ಟು ನೋಡುವುದು ಈ ಲೇಖನದ ಉದ್ದೇಶ. ತೀವ್ರ ಸಮೀಪದೃಷ್ಟಿಯ ಶಸ್ತ್ರಚಿಕಿತ್ಸೆ ನೂರಮೂವತ್ತು ವರ್ಷಗಳಿಂದ ತನ್ನ ಗೆಲುವನ್ನು ಕನ್ನಡಕದ ನಂಬರಿನಲ್ಲಿ ಅಳೆದುಕೊಂಡಿದೆ. ಕಣ್ಣು ಉಳಿಯುವುದೋ ಹೋಗುವುದೋ ಎಂಬುದು ಮಾತ್ರ ಹೆಚ್ಚಿನ ಸಲ ಹಿಂಗೋಡೆಯಲ್ಲೇ ತೀರ್ಮಾನವಾಗಿದೆ ಎಂಬುದು ನನ್ನ ವಾದ.

ಉದ್ದವಾದ ಕಣ್ಣು

ದೂರದ ವಸ್ತು ಮಸುಕಾಗಿ ಕಾಣುವುದೇಕೆ, ನಿಮ್ನ ಮಸೂರ ಅದನ್ನು ಹೇಗೆ ಸರಿಪಡಿಸುತ್ತದೆ ಎಂಬುದನ್ನು ಯೊಹಾನೆಸ್ ಕೆಪ್ಲರ್ 1604ರಲ್ಲಿ ವಿವರಿಸಿದ್ದ. ಬಿಂಬ ಮೂಡುವುದು ರೆಟಿನಾದ ಮೇಲೆ ಎಂದು ತೋರಿಸಿದವನೂ ಅವನೇ. ಜೀವಂತ ಕಣ್ಣಿನೊಳಗೆ ಆ ರೆಟಿನಾವನ್ನು ನೋಡಲು ಮಾತ್ರ 1851ರವರೆಗೆ ಕಾಯಬೇಕಾಯಿತು. ಆ ವರ್ಷ ಹೆಲ್ಮ್‌ಹೋಲ್ಟ್ಸ್ ಆಫ್ತಾಲ್ಮೋಸ್ಕೋಪನ್ನು ಲೋಕದ ಮುಂದಿಟ್ಟ. ಅದಾಗಿ ಹದಿಮೂರು ವರ್ಷಕ್ಕೆ ಡಚ್ ವೈದ್ಯ ಡಾಂಡರ್ಸ್ ದೃಷ್ಟಿದೋಷಗಳ ಮೇಲಿನ ತನ್ನ ದೊಡ್ಡ ಗ್ರಂಥದಲ್ಲಿ ಸಮೀಪದೃಷ್ಟಿಯ ಕಣ್ಣನ್ನು ರೋಗಗ್ರಸ್ತ ಕಣ್ಣೆಂದೇ ಕರೆದ. ಇಂದಿನ ವೈದ್ಯರು ಆ ಮಾತನ್ನು ಎಲ್ಲ ಸಮೀಪದೃಷ್ಟಿಗೂ ಒಪ್ಪುವುದಿಲ್ಲ, ಆದರೆ ಮೈನಸ್ ಆರನ್ನು ದಾಟಿದ ಕಣ್ಣುಗಳ ವಿಷಯದಲ್ಲಿ ಅದನ್ನು ಪೂರ್ತಿ ತಳ್ಳಿಹಾಕುವುದೂ ಇಲ್ಲ.

ಕಾರಣ ಅಳತೆಯಲ್ಲಿದೆ. ವಯಸ್ಕರ ಕಣ್ಣು ಮುಂದಿನಿಂದ ಹಿಂದಕ್ಕೆ ಸುಮಾರು 23.5 ಮಿಲಿಮೀಟರ್ ಇರುತ್ತದೆ. ಒಂದು ಮಿಲಿಮೀಟರ್ ಹೆಚ್ಚು ಬೆಳೆದರೆ ಸರಿಸುಮಾರು ಎರಡೂವರೆಯಿಂದ ಮೂರು ಡಯಾಪ್ಟರ್ ಮೈನಸ್ ಸೇರುತ್ತದೆ. 28 ಅಥವಾ 29 ಮಿಲಿಮೀಟರಿಗೆ ಬೆಳೆದ ಕಣ್ಣಿನಲ್ಲಿ ರೆಟಿನಾ, ಅದರ ಹಿಂದಿನ ಕೋರಾಯ್ಡ್, ಹೊರಗಿನ ಬಿಳಿ ಗೋಡೆ ಎಲ್ಲವೂ ಹಿಗ್ಗಿ ತೆಳುವಾಗಿರುತ್ತವೆ. ಹಿಂಗೋಡೆ ಉಬ್ಬಿ ಜೋಲುವುದನ್ನು ಇಟಲಿಯ ಸ್ಕಾರ್ಪಾ 1801ರಲ್ಲೇ ಶವಗಳ ಕಣ್ಣುಗಳಲ್ಲಿ ಕಂಡು ಬರೆದಿಟ್ಟಿದ್ದ. ರೆಟಿನಾದ ಅಂಚಿನಲ್ಲಿ ಸವೆದ ಬಟ್ಟೆಯಂತೆ ತೆಳುವಾದ ‘ಲ್ಯಾಟಿಸ್’ ಪಟ್ಟಿಗಳು ಕಾಣಿಸಿಕೊಳ್ಳುತ್ತವೆ. ಕಣ್ಣೊಳಗಿನ ಲೋಳೆ ಇಂಥವರಲ್ಲಿ ಬೇಗ ನೀರಾಗಿ ರೆಟಿನಾದಿಂದ ಬಿಡಿಸಿಕೊಳ್ಳುತ್ತದೆ. ಬಿಡಿಸಿಕೊಳ್ಳುವಾಗ ಎಳೆದು ಹರಿಯುವುದೂ ಉಂಟು. ಹರಿದ ಕಿಂಡಿಯ ಮೂಲಕ ದ್ರವ ನುಗ್ಗಿದರೆ ರೆಟಿನಾ ಕಳಚುತ್ತದೆ. ಇನ್ನು ನಡುಭಾಗವಾದ ಮ್ಯಾಕ್ಯುಲಾದಲ್ಲಿ ಹೊಸ ರಕ್ತನಾಳ ಬೆಳೆದು ರಕ್ತ ಸೋರುವುದು ಬೇರೆಯದೇ ಆಪತ್ತು.

ಕಾರ್ನಿಯಾದ ಮೇಲೆ ಏನೇ ಮಾಡಿದರೂ ಈ 29 ಮಿಲಿಮೀಟರ್ 29 ಆಗಿಯೇ ಉಳಿಯುತ್ತದೆ.

ಫುಕಾಲಾ ಮತ್ತು ಮೊದಲ ಪಾಠ

ತೀವ್ರ ಸಮೀಪದೃಷ್ಟಿಗೆ ಶಸ್ತ್ರಚಿಕಿತ್ಸೆಯನ್ನು ವ್ಯವಸ್ಥಿತವಾಗಿ ಹೂಡಿದವನು ಆಸ್ಟ್ರಿಯಾದ ವಿನ್ಸೆಂಟ್ಸ್ ಫುಕಾಲಾ. 1890ರ ಸುಮಾರಿಗೆ ಅವನು ಪೊರೆ ಬಾರದ, ತಿಳಿಯಾದ ಮಸೂರವನ್ನೇ ಯುವಕರ ಕಣ್ಣಿನಿಂದ ತೆಗೆಯತೊಡಗಿದ. ಲೆಕ್ಕ ಸರಳವಾಗಿತ್ತು: ಅತಿ ಉದ್ದದ ಕಣ್ಣಿಗೆ ಮಸೂರದ ಶಕ್ತಿಯೇ ಹೆಚ್ಚುವರಿ, ಅದನ್ನು ಕಳೆದರೆ ದೂರದ ಬಿಂಬ ಹೆಚ್ಚುಕಡಿಮೆ ರೆಟಿನಾದ ಮೇಲೆ ಬೀಳುತ್ತದೆ. ರೋಗಿಗಳು ಕನ್ನಡಕವಿಲ್ಲದೆ ಬೀದಿ ನೋಡಿದರು. ಯುರೋಪಿನಲ್ಲಿ ಈ ಶಸ್ತ್ರಚಿಕಿತ್ಸೆ ಹಬ್ಬಿತು, ವರ್ಷಗಳು ಕಳೆದಂತೆ ರೆಟಿನಾ ಕಳಚಿದ ವರದಿಗಳೂ ಅದರ ಹಿಂದೆಯೇ ಬಂದವು. ಕಳಚಿದ ರೆಟಿನಾಕ್ಕೆ ಆಗ ಔಷಧವೂ ಇರಲಿಲ್ಲ, ಉಪಾಯವೂ ಇರಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲೇ ಈ ವಿಧಾನ ಮೂಲೆಗೆ ಸರಿಯಿತು.

ಸೂರ್ಯನಿಂದ ಮಾಣಿಕ್ಯದವರೆಗೆ

ಕಳಚಿದ ರೆಟಿನಾ ಮತ್ತೆ ಕೂರಬಲ್ಲದು ಎಂಬುದನ್ನು ತೋರಿಸಿದವನು ಸ್ವಿಟ್ಜರ್ಲೆಂಡಿನ ಲೊಸಾನ್ ನಗರದ ಜೂಲ್ಸ್ ಗೋನಿನ್. ಕಳಚುವಿಕೆಯ ಮೂಲ ಹರಿದ ಕಿಂಡಿ, ಆದ್ದರಿಂದ ಕಿಂಡಿ ಮುಚ್ಚದೆ ವಾಸಿಯಿಲ್ಲ ಎಂಬುದು ಅವನ ಸಿದ್ಧಾಂತ. ಕಾದ ಉಪಕರಣವನ್ನು ಕಣ್ಣಿನ ಗೋಡೆಯ ಮೂಲಕ ಚುಚ್ಚಿ ಆ ಜಾಗವನ್ನು ಸುಡುತ್ತಿದ್ದ. ಹತ್ತು ವರ್ಷ ಸಹೋದ್ಯೋಗಿಗಳ ಅನುಮಾನ ಎದುರಿಸಿದ ಮೇಲೆ, 1929ರ ಆಮ್‌ಸ್ಟರ್‌ಡಾಂ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಅವನ ಮಾತಿಗೆ ಮನ್ನಣೆ ಸಿಕ್ಕಿತು.

ಚುಚ್ಚದೆ ಸುಡುವುದು ಸಾಧ್ಯವೇ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಒಂದು ಗ್ರಹಣದಿಂದ. 1945ರ ಜುಲೈ 10ರಂದು ಬರಿಗಣ್ಣಲ್ಲಿ ಸೂರ್ಯಗ್ರಹಣ ನೋಡಿದ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಗೆರ್ಡ್ ಮೈಯರ್-ಶ್ವಿಕೆರಾಟ್ ಎಂಬ ಯುವ ನೇತ್ರವೈದ್ಯನ ಬಳಿ ಬಂದ. ಅವನ ಮ್ಯಾಕ್ಯುಲಾದಲ್ಲಿ ಸುಟ್ಟ ಗುರುತಿತ್ತು. ನೋಡಿದವರೆಲ್ಲ ಅದನ್ನು ಹಾನಿ ಎಂದು ಕಂಡಿದ್ದರು. ಮೈಯರ್-ಶ್ವಿಕೆರಾಟ್‌ಗೆ ಅದು ಬೆಸುಗೆಯಾಗಿ ಕಂಡಿತು. ಆಸ್ಪತ್ರೆಯ ಛಾವಣಿಯಲ್ಲಿ ಸೂರ್ಯನನ್ನು ಹಿಂಬಾಲಿಸುವ ಕನ್ನಡಿ ಹೂಡಿ, ಬೆಳಕನ್ನು ಕೋಣೆಗಿಳಿಸಿ, 1949ರಲ್ಲಿ ರೋಗಿಗಳ ರೆಟಿನಾದ ಹರಿದ ಜಾಗಗಳ ಸುತ್ತ ಸುಡತೊಡಗಿದ. ಹ್ಯಾಂಬರ್ಗ್‌ನ ಆಕಾಶವೋ ಸದಾ ಮೋಡ. ಹಾಗಾಗಿ ಕಾರ್ಬನ್ ಆರ್ಕ್ ದೀಪ ಬಂತು, 1950ರ ದಶಕದ ನಡುವೆ ತ್ಸೈಸ್ ಕಂಪನಿಯ ಲಿಟ್‌ಮನ್ ಜೊತೆ ಸೇರಿ ಕ್ಸೆನಾನ್ ದೀಪದ ಯಂತ್ರ ತಯಾರಾಯಿತು. ಲೇಸರ್ ಎಂಬ ವಸ್ತು ಹುಟ್ಟುವ ಮೊದಲೇ ರೆಟಿನಾವನ್ನು ಬೆಳಕಿನಿಂದ ಬೆಸೆಯುವ ವಿದ್ಯೆ ಹೀಗೆ ನೆಲೆಯೂರಿತ್ತು.

1960ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಮಾಲಿಬುವಿನಲ್ಲಿ ಥಿಯೊಡೋರ್ ಮೈಮನ್ ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಹೊಮ್ಮಿಸಿದ. ಸುಮಾರು ಒಂದೂವರೆ ವರ್ಷದಲ್ಲಿ, 1961ರ ಕೊನೆಗೆ, ನ್ಯೂಯಾರ್ಕ್‌ನ ಕೊಲಂಬಿಯಾ-ಪ್ರೆಸ್ಬಿಟೇರಿಯನ್ ಆಸ್ಪತ್ರೆಯಲ್ಲಿ ಚಾರ್ಲ್ಸ್ ಕ್ಯಾಂಬೆಲ್ ಅದನ್ನು ಮನುಷ್ಯನ ರೆಟಿನಾದ ಮೇಲೆ ಬಳಸಿದ. ಮಾಣಿಕ್ಯದ ಕೆಂಪು ಬೆಳಕನ್ನು ರಕ್ತ ಅಷ್ಟಾಗಿ ಹೀರುವುದಿಲ್ಲ. ಆ ಕೊರತೆಯನ್ನು ನೀಗಿಸಿದ್ದು ನೀಲಿ-ಹಸಿರು ಆರ್ಗಾನ್ ಲೇಸರ್; ಫ್ರಾನ್ಸಿಸ್ ಲೆಸ್ಪೆರಾನ್ಸ್ 1968ರಲ್ಲಿ ಅದನ್ನು ರೋಗಿಗಳ ಮೇಲೆ ಬಳಸಿದ. ನಮ್ಮ ಆಸ್ಪತ್ರೆಗಳಲ್ಲಿ ಇಂದು ‘ಬ್ಯಾರೇಜ್ ಲೇಸರ್’ ಎಂದು ಕರೆಯುವ, ಹರಿದ ಅಥವಾ ತೆಳುವಾದ ಜಾಗದ ಸುತ್ತ ಸಾಲುಸಾಲಾಗಿ ಚುಕ್ಕಿಯಿಡುವ ಚಿಕಿತ್ಸೆ ಈ ವಂಶದ್ದು. ಇದರಿಂದ ಕನ್ನಡಕದ ನಂಬರು ಕಾಲು ಡಯಾಪ್ಟರ್ ಕೂಡ ಇಳಿಯುವುದಿಲ್ಲ.

ಕಾರ್ನಿಯಾದ ಲೆಕ್ಕಾಚಾರ

ಮುಂಭಾಗದ ಕಥೆ ಜಪಾನಿನಲ್ಲಿ ಶುರುವಾಗುತ್ತದೆ. ಎರಡನೆಯ ಮಹಾಯುದ್ಧದ ಆಸುಪಾಸಿನಲ್ಲಿ ಟೋಕಿಯೋದ ತ್ಸುತೊಮು ಸಾಟೊ ಕಾರ್ನಿಯಾದ ಒಳಹೊರಗೆ ಗೀರು ಹಾಕಿ ಅದನ್ನು ಚಪ್ಪಟೆ ಮಾಡಲು ಹೊರಟ. ಒಳಪದರದ ಜೀವಕೋಶಗಳು ಮತ್ತೆ ಹುಟ್ಟುವುದಿಲ್ಲ ಎಂಬುದು ಆಗ ತಿಳಿದಿರಲಿಲ್ಲ. ಹಲವು ವರ್ಷಗಳ ಮೇಲೆ ಅವನ ರೋಗಿಗಳ ಕಾರ್ನಿಯಾಗಳು ಊದಿ ಮಂಜಾದವು. ಮಾಸ್ಕೋದ ಫ್ಯೊದೊರೊವ್ 1970ರ ದಶಕದಲ್ಲಿ ಗೀರುಗಳನ್ನು ಹೊರಗಷ್ಟೇ ಹಾಕಿ ಇದೇ ವಿದ್ಯೆಯನ್ನು ಜಗತ್ತಿಗೆ ಹಬ್ಬಿಸಿದ. ಅಮೆರಿಕದಲ್ಲಿ ಇದನ್ನು ಹತ್ತು ವರ್ಷ ಹಿಂಬಾಲಿಸಿದ ಅಧ್ಯಯನದಲ್ಲಿ ಶೇ. 43ರಷ್ಟು ಕಣ್ಣುಗಳು ಒಂದು ಡಯಾಪ್ಟರ್ ಅಥವಾ ಹೆಚ್ಚು ಪ್ಲಸ್ ಕಡೆಗೆ ಜಾರಿದ್ದವು. ಅದೂ ಸಾಧಾರಣ ಪವರಿನ ಕಣ್ಣುಗಳಲ್ಲಿ. ಮೈನಸ್ ಹನ್ನೆರಡರವರಿಗೆ ಈ ವಿಧಾನ ಎಂದೂ ಒದಗಲಿಲ್ಲ. ಅಂಥವರ ಬಗ್ಗೆ ಯೋಚಿಸಿದವನು ಬೊಗೊಟಾದ ಹೊಸೆ ಇಗ್ನಾಸಿಯೊ ಬರ್ರಾಕೆರ್. 1949ರಿಂದ ಅವನು ಕಾರ್ನಿಯಾದ ಬಿಲ್ಲೆಯೊಂದನ್ನು ತೆಗೆದು, ಹೆಪ್ಪುಗಟ್ಟಿಸಿ, ಲೇತ್ ಯಂತ್ರದಲ್ಲಿ ಕಡೆದು ಮರಳಿ ಹೊಲಿಯುವ ವಿದ್ಯೆಯನ್ನು ರೂಪಿಸಿದ.

1981ರಲ್ಲಿ ತಿರುವು ಬಂತು. ಮದರಾಸಿನಲ್ಲಿ ಓದಿ ಅಮೆರಿಕಕ್ಕೆ ಹೋಗಿದ್ದ ರಸಾಯನವಿಜ್ಞಾನಿ ರಂಗಸ್ವಾಮಿ ಶ್ರೀನಿವಾಸನ್, ಐಬಿಎಂನ ಯಾರ್ಕ್‌ಟೌನ್ ಹೈಟ್ಸ್ ಪ್ರಯೋಗಾಲಯದಲ್ಲಿ ಜೇಮ್ಸ್ ವಿನ್, ಸ್ಯಾಮ್ಯುಯೆಲ್ ಬ್ಲಮ್ ಜೊತೆ 193 ನ್ಯಾನೊಮೀಟರಿನ ಎಕ್ಸೈಮರ್ ಲೇಸರ್ ಬಳಸುತ್ತಿದ್ದರು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ ಊಟದಲ್ಲಿ ಉಳಿದ ಟರ್ಕಿ ಕೋಳಿಯ ತುಣುಕನ್ನು ತಂದು ಅದರ ಮೇಲೆ ಲೇಸರ್ ಹಾಯಿಸಿದರು. ಹಸಿರು ಲೇಸರ್ ಸುಟ್ಟು ಕರಕಲು ಮಾಡಿದ ಕಡೆ, ಎಕ್ಸೈಮರ್ ಅಕ್ಕಪಕ್ಕಕ್ಕೆ ಬಿಸಿ ತಾಗಿಸದೆ ಅಚ್ಚುಕಟ್ಟಾದ ಗುಂಡಿ ತೋಡಿತ್ತು. ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದ ನೇತ್ರವೈದ್ಯ ಸ್ಟೀಫನ್ ಟ್ರೊಕೆಲ್ 1983ರಲ್ಲಿ ಶ್ರೀನಿವಾಸನ್ ಜೊತೆ ಇದನ್ನು ಪ್ರಾಣಿಗಳ ಕಾರ್ನಿಯಾಕ್ಕೆ ಅನ್ವಯಿಸಿ ಪ್ರಕಟಿಸಿದ. ಕ್ಯಾಂಬೆಲ್ ಇಪ್ಪತ್ತೆರಡು ವರ್ಷ ಹಿಂದೆ ರೆಟಿನಾಕ್ಕೆ ಲೇಸರ್ ಹಾಯಿಸಿದ್ದೂ ಇದೇ ಕೊಲಂಬಿಯಾದಲ್ಲಿ. 1988ರಲ್ಲಿ ಮಾರ್ಗರೀಟ್ ಮೆಕ್‌ಡೊನಾಲ್ಡ್ ಮೊದಲ ಬಾರಿಗೆ ದೃಷ್ಟಿಯಿರುವ ಕಣ್ಣಿನ ಮೇಲೆ ಪಿಆರ್‌ಕೆ, ಅಂದರೆ ಎಕ್ಸೈಮರ್‌ನಿಂದ ಕಾರ್ನಿಯಾದ ಮೇಲ್ಮೈಯನ್ನೇ ಕೆತ್ತುವ ಚಿಕಿತ್ಸೆ, ಮಾಡಿದರು. ಕ್ಯಾನ್ಸರಿನಿಂದಾಗಿ ಕೆಲವೇ ದಿನಗಳಲ್ಲಿ ತೆಗೆಯಬೇಕಿದ್ದ ಕಣ್ಣು ಅದು. ಬರ್ರಾಕೆರ್‌ನ ಬಿಲ್ಲೆ ಮತ್ತು ಎಕ್ಸೈಮರ್‌ಗಳನ್ನು ಕೂಡಿಸಿ ಕ್ರೀಟ್ ದ್ವೀಪದ ಪಲ್ಲಿಕಾರಿಸ್ ಲಾಸಿಕ್ ರೂಪಿಸಿದ.

ಈ ಹೊತ್ತಿಗೆ ತೀವ್ರ ಸಮೀಪದೃಷ್ಟಿಯವರ ಬಾಗಿಲನ್ನು ಮುಚ್ಚಿದ್ದು ಒಂದು ಸೂತ್ರ. 1988ರಲ್ಲಿ ಮನ್ನರ್ಲಿನ್ ಮತ್ತು ಸಂಗಡಿಗರು ಕೊಟ್ಟ ಲೆಕ್ಕದ ಪ್ರಕಾರ, ಕೆತ್ತುವ ವೃತ್ತದ ವ್ಯಾಸದ ವರ್ಗವನ್ನು ಡಯಾಪ್ಟರಿನಿಂದ ಗುಣಿಸಿ ಮೂರರಿಂದ ಭಾಗಿಸಿದರೆ ಎಷ್ಟು ಮೈಕ್ರಾನ್ ಕಾರ್ನಿಯಾ ಹೋಗುತ್ತದೆ ಎಂದು ತಿಳಿಯುತ್ತದೆ. ಆರು ಮಿಲಿಮೀಟರ್ ವೃತ್ತದಲ್ಲಿ ಮೈನಸ್ ಐದಕ್ಕೆ 60 ಮೈಕ್ರಾನ್, ಮೈನಸ್ ಹದಿನೈದಕ್ಕೆ 180. ಕಾರ್ನಿಯಾದ ನಡುದಪ್ಪ ಸುಮಾರು 540. ಲಾಸಿಕ್‌ನಲ್ಲಿ ಎತ್ತುವ ಪದರಕ್ಕೆ 110 ಅಥವಾ ಹೆಚ್ಚು ಹೋದರೆ, ಮೈನಸ್ ಹದಿನೈದರವರಿಗೆ ಅಡಿಯಲ್ಲಿ ಉಳಿಯುವುದು ಹೆಚ್ಚೆಂದರೆ 250 ಮೈಕ್ರಾನ್. ಕನಿಷ್ಠವೆಂದು ಬಹುಕಾಲ ಹೇಳಿಕೊಂಡು ಬಂದ ಗಡಿಯೂ ಅದೇ. ಇಂದು ಹಲವರು 300 ಬೇಕೆನ್ನುತ್ತಾರೆ. ವೃತ್ತ ಕಿರಿದಾಗಿಸಿ ಮೈಕ್ರಾನ್ ಉಳಿಸಿದರೆ ರಾತ್ರಿ ಪಾಪೆ ಹಿಗ್ಗಿದಾಗ ದೀಪಗಳ ಸುತ್ತ ಬಳೆ ಕಾಣುತ್ತದೆ. 1990ರ ದಶಕದ ಮೊದಲ ಉತ್ಸಾಹದಲ್ಲಿ ಈ ಗಡಿಯನ್ನು ಮೀರಿದವರಿದ್ದರು. ಲಾಸಿಕ್ ಆದ ಕಾರ್ನಿಯಾ ತಿಂಗಳುಗಳ ಮೇಲೆ ಮುಂದಕ್ಕೆ ಉಬ್ಬುವುದನ್ನು 1998ರಲ್ಲಿ ಥಿಯೊ ಸೈಲರ್ ವರದಿ ಮಾಡಿದ. ಪದರ ಎತ್ತದೆ ಸಣ್ಣ ಸೀಳಿನಿಂದ ತುಣುಕನ್ನು ಹೊರತೆಗೆಯುವ ಸ್ಮೈಲ್ ವಿಧಾನ ಆಮೇಲಿನದು. 2011ರ ಅದರ ಆರಂಭಿಕ ಫಲಿತಾಂಶಗಳಲ್ಲಿ ಜರ್ಮನಿಯವುಗಳ ಜೊತೆಗೆ ನಮ್ಮ ವಡೋದರಾದ ಶಾ ತಂಡದವೂ ಇದ್ದವು. ಅದಕ್ಕೂ ಹೆಚ್ಚೆಂದರೆ ಮೈನಸ್ ಹತ್ತರ ಗಡಿ.

ಕೆತ್ತದೆ ಸೇರಿಸುವುದು

ಕಾರ್ನಿಯಾ ಕೈಕೊಟ್ಟವರಿಗೆ ಉಳಿದ ದಾರಿ ಕಣ್ಣೊಳಗೆ ಹೆಚ್ಚುವರಿ ಲೆನ್ಸ್ ಇಡುವುದು. ಇಟಲಿಯ ಸ್ಟ್ರಾಂಪೆಲ್ಲಿ 1950ರ ದಶಕದ ಆರಂಭದಲ್ಲೇ ಇದನ್ನು ಮಾಡಿದ್ದ. ಸಾಟೊನ ರೋಗಿಗಳಂತೆಯೇ ಕಾರ್ನಿಯಾದ ಒಳಪದರ ನಶಿಸಿ, ಎಷ್ಟೋ ಲೆನ್ಸುಗಳನ್ನು ಹೊರತೆಗೆಯಬೇಕಾಯಿತು. ಪಾಪೆಯ ಹಿಂದೆ, ಸ್ವಂತ ಮಸೂರದ ಮುಂದೆ ಕೂರುವ ಮೆತ್ತನೆಯ ಐಸಿಎಲ್‌ಗೆ ಅಮೆರಿಕದ ಒಪ್ಪಿಗೆ ದೊರೆತದ್ದು 2005ರಲ್ಲಿ. ಮೈನಸ್ ಇಪ್ಪತ್ತರವರೆಗಿನವರನ್ನೂ ಅದು ತೆಕ್ಕೆಗೆ ತೆಗೆದುಕೊಂಡಿತು. ಲೆನ್ಸಿನ ಹಿಂದಿನಿಂದ ಮುಂದಕ್ಕೆ ದ್ರವ ಹರಿಯಲೆಂದು ಐರಿಸ್‌ನಲ್ಲಿ ಲೇಸರಿನಿಂದ ಕಿಂಡಿ ಕೊರೆಯಬೇಕಿತ್ತು. ಲೆನ್ಸಿನ ನಡುವೆಯೇ ಸಣ್ಣ ರಂಧ್ರವಿರುವ ಹೊಸ ಮಾದರಿ ಬಂದ ಮೇಲೆ ಅದೂ ತಪ್ಪಿತು. ಕಣ್ಣಿನ ಮುಂಗೋಣೆಯಲ್ಲಿ ಸುಮಾರು ಮೂರು ಮಿಲಿಮೀಟರ್ ಆಳ ಇರಬೇಕು ಎಂಬ ಷರತ್ತು ಮಾತ್ರ ಇದೆ.

ಫುಕಾಲಾನ ದಾರಿಯೂ ಅಷ್ಟರಲ್ಲಿ ಮರಳಿ ಬಂದಿತ್ತು. ಆಧುನಿಕ ಯಂತ್ರದಿಂದ ಮಸೂರ ತೆಗೆದು ಕೃತಕ ಲೆನ್ಸ್ ಹಾಕಿದರೆ ಹಳೆಯ ಅಪಾಯ ಇರದು ಎಂಬ ಭರವಸೆ 1990ರ ದಶಕದಲ್ಲಿತ್ತು. ಫ್ರಾನ್ಸಿನ ಜೋಸೆಫ್ ಕೊಲಾಂ ತಂಡ ತೀವ್ರ ಸಮೀಪದೃಷ್ಟಿಯ ಇಂಥ ಕಣ್ಣುಗಳನ್ನು ಹಿಂಬಾಲಿಸಿತು. ನಾಲ್ಕನೆಯ ವರ್ಷಕ್ಕೆ ರೆಟಿನಾ ಕಳಚಿದ ಪ್ರಮಾಣ ಸುಮಾರು ಶೇ. 2, ಏಳನೆಯ ವರ್ಷಕ್ಕೆ ಶೇ. 8.1. ಕಣ್ಣುಗಳ ಸಂಖ್ಯೆ ಐವತ್ತರ ಹತ್ತಿರ, ಅಂದರೆ ಅಧ್ಯಯನ ಚಿಕ್ಕದು. ಆದರೂ ಈ ಎರಡು ಅಂಕಿಗಳ ನಡುವಿನ ಏರಿಕೆ ನನಗೆ ಇಡೀ ಚರಿತ್ರೆಯ ಸಾರದಂತೆ ಕಾಣುತ್ತದೆ: ನಾಲ್ಕು ವರ್ಷಕ್ಕೆ ಪುಸ್ತಕ ಮುಚ್ಚಿದ್ದರೆ ಅದು ಯಶಸ್ಸಿನ ಕಥೆ. ಮಸೂರ ತೆಗೆದಾಗ ಹಿಂದಿನ ಲೋಳೆ ಮುಂದಕ್ಕೆ ಸರಿದು ರೆಟಿನಾವನ್ನು ಎಳೆಯುವ ಸಾಧ್ಯತೆ ಯುವಕರಲ್ಲಿ ಹೆಚ್ಚು. ಪೊರೆ ಬಂದ ವಯಸ್ಸಿನವರಲ್ಲಿ ಲೆಕ್ಕ ಬೇರೆ.

ಮೊದಲು ಹಿಂಗೋಡೆ

ಹಾಗಾದರೆ ರೆಟಿನಾದಲ್ಲಿ ತೊಂದರೆ ಇರುವವರ ಮುಂಭಾಗದ ಶಸ್ತ್ರಚಿಕಿತ್ಸೆಗೆ ಮೊದಲು ಎಲ್ಲ ಲ್ಯಾಟಿಸ್ ಪಟ್ಟಿಗಳಿಗೂ ಬ್ಯಾರೇಜ್ ಹಾಕಬೇಕೇ? ಅಮೆರಿಕದ ನಾರ್ಮನ್ ಬೈಯರ್ 1989ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಮೈಲಿಗಲ್ಲು. ಚಿಕಿತ್ಸೆ ಕೊಡದ 423 ಲ್ಯಾಟಿಸ್ ಕಣ್ಣುಗಳನ್ನು ಸರಾಸರಿ ಹತ್ತು ವರ್ಷಕ್ಕೂ ಮೀರಿ ನೋಡಿಕೊಂಡಾಗ, ದೃಷ್ಟಿಗೆ ಕುತ್ತು ತರುವಂತೆ ರೆಟಿನಾ ಕಳಚಿದ್ದು ಮೂರರಲ್ಲಿ. ಹಾಗಾಗಿ ಪಟ್ಟಿ ಕಂಡಲ್ಲೆಲ್ಲ ಸುಡುವ ರೂಢಿಗೆ ಗಟ್ಟಿ ಆಧಾರವಿಲ್ಲ. ಮಿಂಚು ಮತ್ತು ತೇಲುವ ಚುಕ್ಕಿಗಳ ಜೊತೆ ಕಂಡ ಕುದುರೆಲಾಳದ ಆಕಾರದ ಹರಕನ್ನು ಮಾತ್ರ ತಡಮಾಡದೆ ಬೆಸೆಯಬೇಕು ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಶಸ್ತ್ರಚಿಕಿತ್ಸೆಗೆ ಮುಂಚೆ ಬ್ಯಾರೇಜ್ ಹಾಕಿಸುವ ಅಭ್ಯಾಸ ನಮ್ಮಲ್ಲಿ ವ್ಯಾಪಕವಾಗಿದೆ. ಇನ್ನೊಂದು ಕಣ್ಣಿನಲ್ಲಿ ಈಗಾಗಲೇ ರೆಟಿನಾ ಕಳಚಿದವರು, ಮನೆತನದಲ್ಲಿ ಅದರ ಚರಿತ್ರೆ ಇರುವವರು ಇಂಥ ಸಂದರ್ಭಗಳಲ್ಲಿ ಅದನ್ನು ಸಮರ್ಥಿಸಬಹುದು. ಉಳಿದ ಕಡೆ ಅದು ವೈದ್ಯರ ಸಮಾಧಾನಕ್ಕೆ ಎಂದು ಅನುಮಾನಿಸಲು ಜಾಗವಿದೆ. ಹಾಕಿದ ಬೆಸುಗೆ ಗಟ್ಟಿಯಾಗಲು ವಾರಗಳು ಬೇಕು, ಆಮೇಲೆಯೇ ಕಾರ್ನಿಯಾದ ಕೆಲಸ. ಲಾಸಿಕ್‌ನಲ್ಲಿ ಪದರ ಎತ್ತಲು ಕಣ್ಣನ್ನು ಹಿಡಿಯುವ ಉಂಗುರ ಕೆಲವು ಸೆಕೆಂಡು ಕಣ್ಣಿನ ಒತ್ತಡವನ್ನು ಪಾದರಸದ 65 ಮಿಲಿಮೀಟರಿನ ಮೇಲಕ್ಕೆ ಏರಿಸುತ್ತದೆ. ಅದರಿಂದಲೇ ರೆಟಿನಾ ಹರಿಯುತ್ತದೆ ಎಂದು ಸಾಬೀತಾಗಿಲ್ಲ. ಉದ್ದ ಕಣ್ಣಿಗೆ ಮೊದಲೇ ಇದ್ದ ಅಪಾಯಕ್ಕಿಂತ ಲಾಸಿಕ್ ನಂತರದ್ದು ಹೆಚ್ಚೆಂದು ಖಚಿತವಾಗಿ ತೋರಿಲ್ಲ.

ಮ್ಯಾಕ್ಯುಲಾದ ವಿಷಯದಲ್ಲಿ ರೆಟಿನಾ ಲೇಸರ್ ತಾನೇ ಹಿಂದೆ ಸರಿದಿದೆ. ಸೋರುವ ರಕ್ತನಾಳವನ್ನು ಆರ್ಗಾನ್‌ನಿಂದ ಸುಟ್ಟರೆ ಗಾಯದ ಕಲೆ ವರ್ಷಗಟ್ಟಲೆ ಹಿಗ್ಗಿ ನಡುದೃಷ್ಟಿಯನ್ನೇ ನುಂಗುತ್ತಿತ್ತು. 2000ದ ಹೊತ್ತಿಗೆ ವರ್ಟೆಪೋರ್ಫಿನ್ ಔಷಧದ ಜೊತೆಗಿನ ತಣ್ಣನೆಯ ಲೇಸರ್ ಬಂತು. 2013-14ರ ರೇಡಿಯನ್ಸ್ ಅಧ್ಯಯನದಲ್ಲಿ ಕಣ್ಣೊಳಗೆ ಚುಚ್ಚುವ ರಾನಿಬಿಜುಮಾಬ್ ಅದನ್ನೂ ಹಿಂದಿಕ್ಕಿತು. ಮ್ಯಾಕ್ಯುಲಾ ಈಗಾಗಲೇ ಸವೆದಿದ್ದರೆ ಮುಂದೆ ಎಷ್ಟೇ ನಯವಾಗಿ ಕೆತ್ತಿದರೂ ಕಣ್ಣು ಪರೀಕ್ಷೆಯ ಬೋರ್ಡಿನ ಕೆಳಸಾಲುಗಳು ಕಾಣುವುದಿಲ್ಲ. ಈ ಮಾತನ್ನು ಶಸ್ತ್ರಚಿಕಿತ್ಸೆಗೆ ಮೊದಲು ರೋಗಿಗೆ ಹೇಳುವುದು ಆಮೇಲೆ ಹೇಳುವುದಕ್ಕಿಂತ ಸುಲಭ.

ಇನ್ನೊಂದು ತೊಡಕು ಇತ್ತೀಚಿನದು. ಮೈನಸ್ ಹತ್ತರ ವ್ಯಕ್ತಿ ಇಪ್ಪತ್ತೈದನೆಯ ವಯಸ್ಸಿನಲ್ಲಿ ಲೇಸರ್ ಮಾಡಿಸಿಕೊಂಡು ಐವತ್ತೈದಕ್ಕೆ ಬೇರೆ ಊರಿನ ಬೇರೆ ವೈದ್ಯರ ಮುಂದೆ ಕೂತಾಗ ಅವರ ನಂಬರು ಸೊನ್ನೆ. ಕಾರ್ನಿಯಾ ತೆಳುವಾದ್ದರಿಂದ ಕಣ್ಣಿನ ಒತ್ತಡ ಇರುವುದಕ್ಕಿಂತ ಕಡಿಮೆ ತೋರುತ್ತದೆ, ಗ್ಲಾಕೋಮಾ ಮರೆಯಾಗಬಹುದು. ಪೊರೆಯ ಲೆನ್ಸಿನ ಲೆಕ್ಕ ಹಳಿ ತಪ್ಪಬಹುದು. ಹಿಂಗೋಡೆಯನ್ನು ಪಾಪೆ ಹಿಗ್ಗಿಸಿ ನೋಡಬೇಕೆಂದು ಯಾರಿಗೂ ಹೊಳೆಯದಿರಬಹುದು. ಕನ್ನಡಕದ ಪವರನ್ನೇ ಆಧರಿಸಿದ ಜನಸಮೀಕ್ಷೆಯಲ್ಲಿ ಇಂಥವರು ಸಮೀಪದೃಷ್ಟಿ ಇಲ್ಲದವರ ಸಾಲಿಗೆ ಸೇರುತ್ತಾರೆ. ಹಳೆಯ ನಂಬರು, ಮೂಲ ಕಾರ್ನಿಯಾದ ದಪ್ಪ, ಕಣ್ಣಿನ ಉದ್ದ, ರೆಟಿನಾದ ನಕ್ಷೆ ಈ ನಾಲ್ಕನ್ನು ಆಸ್ಪತ್ರೆಯ ಬಿಡುಗಡೆ ಚೀಟಿಯಲ್ಲಿ ಬರೆದುಕೊಟ್ಟರೆ ಮುಂದಿನ ವೈದ್ಯರು ಮೊದಲಿಂದ ಊಹಿಸುತ್ತ ಕೂರಬೇಕಿಲ್ಲ.