ಹಳೆಯ ಕ್ಯಾರವಾನ್: ಒಳಗೋಡೆಯ ಹಿಂದಿನ ಕೆಲಸ

ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಕ್ಯಾರವಾನ್ ಬ್ರಿಟನ್ನಿನ ಸಾಮಾನ್ಯ ಕುಟುಂಬಗಳ ರಜಾಮನೆ. ಹಳೆಯದೊಂದನ್ನು ಅಗ್ಗಕ್ಕೆ ಕೊಂಡು ಒಳಭಾಗವನ್ನು ತಮ್ಮ ಕೈಯಿಂದಲೇ ಹೊಸದು ಮಾಡಿಕೊಳ್ಳುವವರು ಅಲ್ಲಿ ಬಹಳ. ಈಚೆಗೆ ಈ ಹವ್ಯಾಸವೆಂದರೆ ಬಿಳಿ ಬಣ್ಣ, ಹೊಸ ಪರದೆ, ಮೆತ್ತೆ ಎಂಬಂತಾಗಿದೆ. ಅದರ ನಿಜವಾದ ಚರಿತ್ರೆ ಇರುವುದು ತೂಕ ಮತ್ತು ನೀರಿನೊಡನೆ ನಡೆದ ಗುದ್ದಾಟದಲ್ಲಿ.

1885ರಲ್ಲಿ ಬ್ರಿಸ್ಟಲ್ ವ್ಯಾಗನ್ ವರ್ಕ್ಸ್, ನೌಕಾಪಡೆಯ ವೈದ್ಯರಾಗಿದ್ದ ಲೇಖಕ ಗಾರ್ಡನ್ ಸ್ಟೇಬಲ್ಸ್ ಅವರಿಗಾಗಿ ‘ವಾಂಡರರ್’ ಎಂಬ ಕ್ಯಾರವಾನ್ ಕಟ್ಟಿಕೊಟ್ಟಿತು. ಎಳೆಯಲು ಎರಡು ಕುದುರೆಗಳಿದ್ದವು. ಹಾಗಾಗಿ ಮಹಾಗನಿ ಮರದ ಭಾರ ನಡೆಯುತ್ತಿತ್ತು. ಆ ಗಾಡಿ ಇಂದಿಗೂ ಉಳಿದಿದೆ. 1919ರಲ್ಲಿ ಬರ್ಮಿಂಗ್‌ಹ್ಯಾಮಿನ ಎಕ್ಲ್ಸ್ ಕಂಪನಿ ಕಾರಿಗೆಂದೇ ಕ್ಯಾರವಾನ್ ತಯಾರಿಸತೊಡಗಿತು. ಆಗಿನ ಕಾರುಗಳ ಶಕ್ತಿ ಕಡಿಮೆ, ಗಾಡಿ ಹಗುರವಾಗಲೇಬೇಕಿತ್ತು. ಎರಡನೆಯ ಮಹಾಯುದ್ಧದ ಬಳಿಕ ಸ್ಯಾಮ್ ಆಲ್ಪರ್ ಅವರ ‘ಸ್ಪ್ರೈಟ್’ ಗಾಡಿಗಳು ಕಡಿಮೆ ಬೆಲೆಗೆ ಮನೆಮನೆ ಸೇರಿದವು. ಮರದ ರೀಪರಿನ ಚೌಕಟ್ಟು, ಹೊರಗೆ ಅಲ್ಯೂಮಿನಿಯಂ ತಗಡು, ಒಳಗೆ ತೆಳು ಹಲಗೆ: ಆ ಕಾಲದ ಗಾಡಿಗಳ ರಚನೆ ಇಷ್ಟೇ.

ಈ ರಚನೆಯಲ್ಲಿ ದುರಸ್ತಿ ಸುಲಭ. ಒಳಹಲಗೆ ಕಿತ್ತು, ಲಡ್ಡಾದ ರೀಪರು ಕತ್ತರಿಸಿ, ಹೊಸದನ್ನು ಜೋಡಿಸಿದರಾಯಿತು. ಆದರೆ ಅದಕ್ಕೂ ಮೊದಲು ಸೋರಿಕೆ ನಿಲ್ಲಬೇಕು. ಕಿಟಕಿಯ ಅಂಚು, ಮೂಲೆಯ ಕೂಡು, ಹೊರಪಟ್ಟಿಯ ಸ್ಕ್ರೂಗಳ ಕೆಳಗೆ ತುಂಬಿದ ಮೇಣದಂಥ ಸೀಲೆಂಟ್ ವರ್ಷಗಳು ಕಳೆದಂತೆ ಒಣಗಿ ಬಿರಿಯುತ್ತದೆ. ನೀರು ಒಂದು ಕಡೆ ಒಳಹೊಕ್ಕು ಇನ್ನೆಲ್ಲೋ ಕಲೆಯಾಗಿ ಕಾಣಿಸಿಕೊಳ್ಳುತ್ತದೆ. ತೇವಮಾಪಕ ಶೇಕಡಾ 20 ದಾಟಿದರೆ ಗೋಡೆ ಬಿಚ್ಚಿ ನೋಡಲೇಬೇಕು. ಪಟ್ಟಿ ತೆಗೆದು, ಹಳೆಯ ಸೀಲೆಂಟ್ ಕೆರೆದು, ಗಟ್ಟಿಯಾಗದ ಬ್ಯುಟೈಲ್ ಪಟ್ಟಿ ಹಾಕುವುದೇ ಸರಿಯಾದ ಕ್ರಮ. ಮೇಲಿಂದ ಸಿಲಿಕೋನ್ ಬಳಿಯುವವರು ಮುಂದಿನ ದುರಸ್ತಿಯನ್ನೇ ಕೆಡಿಸುತ್ತಾರೆ. ಅದರ ಜಿಡ್ಡಿನ ಮೇಲೆ ಬೇರೇನೂ ಅಂಟುವುದಿಲ್ಲ.

1980ರ ದಶಕದ ಹೊತ್ತಿಗೆ ತಗಡು, ಥರ್ಮಾಕೋಲ್, ಪ್ಲೈವುಡ್ ಮೂರನ್ನೂ ಅಂಟಿಸಿದ ಗೋಡೆಗಳು ವ್ಯಾಪಕವಾದವು. ಹಗುರ, ಬೆಚ್ಚಗೆ, ಆದರೆ ಬಿಚ್ಚಲು ಬಾರದು. ಹೀಗೆಯೇ ಅಂಟಿಸಿದ ನೆಲ, ಅಂಟು ಬಿಟ್ಟರೆ, ಕಾಲಡಿಯಲ್ಲಿ ಮೆತ್ತಗಾಗುತ್ತದೆ. ಆಗ ತೂತು ಕೊರೆದು ಎಪಾಕ್ಸಿ ತುಂಬಬೇಕು.

ಒಳಾಂಗಣದ ವಿಷಯದಲ್ಲೂ ಎಚ್ಚರ ಬೇಕು. ಗೋಡೆಗೆ ಕೂಡಿಸಿದ ಪೆಟ್ಟಿಗೆ, ಅಡ್ಡಗೋಡೆಗಳು ಗಾಡಿಯ ಮೈಯನ್ನು ಬಿಗಿಯಾಗಿ ಹಿಡಿದಿರುತ್ತವೆ. ವಿಶಾಲವಾಗಿ ಕಾಣಲೆಂದು ಅವನ್ನೆಲ್ಲ ಕಿತ್ತೆಸೆಯುವ ಈಗಿನ ಫ್ಯಾಷನ್ ನನಗೆ ಒಪ್ಪಿಗೆಯಾಗದು. ಮನೆಯ ಅಡುಗೆಕಟ್ಟೆಯ ದಪ್ಪ ಪಾರ್ಟಿಕಲ್ ಬೋರ್ಡ್ ತಂದು ಜೋಡಿಸಿದರೆ ಗಾಡಿಯ ಅನುಮತಿತ ತೂಕ ಮೀರಬಹುದು. ಭಾರ ಹಿಂದಕ್ಕೆ ಹೆಚ್ಚಿದರೆ ರಸ್ತೆಯಲ್ಲಿ ಗಾಡಿ ಅತ್ತಿತ್ತ ಓಲಾಡುತ್ತದೆ. ನೆಲದ ಗಾಳಿಕಿಂಡಿಗಳನ್ನು ಚಳಿಗೆ ಹೆದರಿ ಮುಚ್ಚುವುದಂತೂ ಪ್ರಾಣಾಪಾಯ: ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಹೊರಹೋಗಲು ಇರುವ ದಾರಿ ಅದೇ.

ಹೊಸ ಗಾಡಿಗಳಲ್ಲಿ ಹಲವು ತಯಾರಕರು ಮರವನ್ನೇ ಕೈಬಿಟ್ಟಿದ್ದಾರೆ. ಅವು ಲಡ್ಡಾಗುವುದಿಲ್ಲ, ಆದರೆ ಮನೆಯ ಉಪಕರಣಗಳಿಗೆ ಸುಲಭವಾಗಿ ಬಗ್ಗುವುದೂ ಇಲ್ಲ. ಮೊದಲ ಬಾರಿಗೆ ಈ ಕೆಲಸಕ್ಕೆ ಕೈಹಾಕುವವರಿಗೆ, ಒಳಗೋಡೆ ಕಲೆಗಟ್ಟಿದ್ದರೂ ಸರಿ, 1970ರ ಸ್ಪ್ರೈಟ್ ಒಂದನ್ನೇ ಹುಡುಕಿ ಎನ್ನುತ್ತೇನೆ.